‘ಕ್ಯಾಶ್ ಕ್ಲಿಯರ್ ಮಾಡಿ ಮೇಡಂ’ ಅಂದರೆ ಅಲ್ಲೇ ಹುಷಾರಾಗಿ

ಇದನ್ನು ಬರೆಯಲು ನಾಚಿಕೆ ಆಗುತ್ತಿದೆ. 31 ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು ನಾನು. ಕೊನೆಯ ಬೆಂಚಿನಲ್ಲಿ ಯಾರು ಕಾಪಿ ಹೊಡೆಯುತ್ತಿದ್ದಾರೆ ಅಂತ ಬೋರ್ಡಿನ ಕಡೆ ಮುಖ ಮಾಡಿಕೊಂಡೇ ಹೇಳುತ್ತಿದ್ದೆ. ಅಂಥವಳಿಗೆ ಇಪ್ಪತ್ತೈದು ದಾಟಿರದ ಹುಡುಗನೊಬ್ಬ ಕಣ್ಣೆದುರೇ ಟೋಪಿ ಹಾಕಿದ. ಅದೂ ನನ್ನ ದುಡ್ಡಿಗಲ್ಲ, ಬಳಗದ ದುಡ್ಡಿಗೆ. ಅವನನ್ನು ಕರೆತಂದವಳೂ ನಾನೇ.

ಮೈಸೂರಿನಲ್ಲಿ ನಮ್ಮದೊಂದು ತಾರಸಿ ತೋಟದ ಬಳಗ. 2019ರಿಂದ ವರ್ಡ್‌ಪ್ರೆಸ್‌ನಲ್ಲಿ ಒಂದು ಸೈಟ್ ಇದೆ. ಸದಸ್ಯರೊಬ್ಬರ ಮಗಳು ಬರೆದ ಹಾಗಲಕಾಯಿ ಬಳ್ಳಿಯ ಲೋಗೋ, ಕಡು ಹಸಿರು ಪಟ್ಟಿ, ‘ಬಲೂ ತಮ್ಮ’ ಅನ್ನುವ ಫಾಂಟಿನ ದುಂಡನೆಯ ಅಕ್ಷರ. ಚೆನ್ನಾಗಿಯೇ ಇತ್ತು. ವಾಟ್ಸಾಪ್ ಗುಂಪಿನಲ್ಲಿ ಒಳ್ಳೆಯ ಸಲಹೆಗಳೆಲ್ಲ ಗುಡ್ ಮಾರ್ನಿಂಗ್ ಹೂವುಗಳ ಕೆಳಗೆ ಹೂತುಹೋಗುತ್ತಿದ್ದವು. ಅದಕ್ಕೇ ಒಂದು ಚರ್ಚಾ ವೇದಿಕೆ ಬೇಕು, ಅದು ನಮ್ಮ ಸೈಟಿನ ಥರವೇ ಕಾಣಬೇಕು ಅಂತ ತೀರ್ಮಾನ ಆಯಿತು. ನಮ್ಮಲ್ಲಿ ವಯಸ್ಸಾದವರೇ ಜಾಸ್ತಿ. ಬೇರೆ ಬಣ್ಣ ಕಂಡರೆ ‘ಇದ್ಯಾವುದೋ ಬೇರೆ’ ಅಂತ ಗಾಬರಿಯಾಗಿ ಮುಚ್ಚಿಬಿಡುತ್ತಾರೆ.

ಪಿಎಚ್‌ಪಿಬಿಬಿ ಅಂತ ಚರ್ಚಾ ವೇದಿಕೆ ನಡೆಸುವ ಒಂದು ತಂತ್ರಾಂಶ ಇದೆ. ಪೂರ್ತಿ ಉಚಿತ, ಯಾರು ಬೇಕಾದರೂ ಹಾಕಿಕೊಳ್ಳಬಹುದು. ಅದರ ಜೊತೆ ಬರುವ ವೇಷದ, ಅಂದರೆ ಪುಟಗಳ ಬಣ್ಣ-ನೋಟದ, ಹೆಸರು ಪ್ರೊಸಿಲ್ವರ್. ಅದೇ ತಿಳಿ ನೀಲಿ ಬಣ್ಣದ್ದು, 2007ರಿಂದ ಎಲ್ಲ ಕಡೆ ನೋಡಿರುತ್ತೀರಿ. ಅಂದರೆ ನಾವು ದುಡ್ಡು ಕೊಡುತ್ತಿದ್ದದ್ದು ತಂತ್ರಾಂಶಕ್ಕಲ್ಲ, ಆ ವೇಷ ಬದಲಾಯಿಸುವುದಕ್ಕೆ. ಆ ಕೆಲಸಕ್ಕೆ ನಾನು ಕರೆತಂದದ್ದೇ ಈ ಹುಡುಗನನ್ನು. ಒಟ್ಟು 28,000 ರೂಪಾಯಿ, ಮುಂಗಡ 15,000. ‘ಹೋಸ್ಟಿಂಗ್ ನನ್ನ ಸರ್ವರಲ್ಲೇ ಫ್ರೀ ಕೊಡ್ತೀನಿ ಮೇಡಂ, ನೀವೆಲ್ಲ ನಮ್ಮಮ್ಮ ಇದ್ದ ಹಾಗೆ’ ಅಂದ. ಹೋಸ್ಟಿಂಗ್ ಅಂದರೆ ವೇದಿಕೆಯನ್ನು ಇಂಟರ್ನೆಟ್ಟಿನಲ್ಲಿ ಇಡಲು ಜಾಗ. ಫ್ರೀ ಅಂದಾಗಲೇ ಎದ್ದು ಬರಬೇಕಿತ್ತು. ನಾನು ಅವನಿಗೆ ಫಿಲ್ಟರ್ ಕಾಫಿ ಮಾಡಿಕೊಟ್ಟೆ.

ತಿಂಗಳ ಸಭೆಯಲ್ಲಿ ಪ್ರೊಜೆಕ್ಟರ್ ಹಾಕಿ ತೋರಿಸಿದ. ಮೇಲೆ ನಮ್ಮದೇ ಹಸಿರು ಪಟ್ಟಿ, ನಮ್ಮದೇ ಲೋಗೋ, ಕೆಳಗೆ ಚರ್ಚೆಗಳ ಪಟ್ಟಿ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಎಲ್ಲರಿಗಿಂತ ಜೋರಾಗಿ ತಟ್ಟಿದೆ. ಅವತ್ತೇ ಇನ್ನೊಂದು 5,000 ಕೊಟ್ಟೆವು.

ಆಮೇಲೆ ಶುರುವಾಯಿತು.

ಮೊದಲು ಒಬ್ಬರು ‘ದಾಸವಾಳದ ಬಿಳಿ ಹುಳಕ್ಕೆ ಬೇವಿನೆಣ್ಣೆ’ ಅನ್ನುವ ಚರ್ಚೆಯ ಕೊಂಡಿ ವಾಟ್ಸಾಪಿನಲ್ಲಿ ಹಾಕಿದರು. ಒತ್ತಿದರೆ ಎಲ್ಲರಿಗೂ ವೇದಿಕೆಯ ಮೊದಲ ಪುಟವೇ ತೆರೆಯುತ್ತದೆ. ಯಾವ ಚರ್ಚೆಗೆ ಹೋದರೂ ಮೇಲಿನ ವಿಳಾಸ ಬದಲಾಗುವುದೇ ಇಲ್ಲ. ಅವನನ್ನು ಕೇಳಿದೆ. ಉತ್ತರ: ‘ಕ್ಯಾಶ್ ಕ್ಲಿಯರ್ ಮಾಡಿ ಮೇಡಂ.’ ಅಂದರೆ ದುಡ್ಡಲ್ಲ, ಬ್ರೌಸರ್ ಉಳಿಸಿಟ್ಟುಕೊಂಡ ಪುಟಗಳ ಹಳೆಯ ಪ್ರತಿಗಳನ್ನು ಅಳಿಸಿ ಅಂತ.

ಐಫೋನ್ ಇರುವವರು ಒಳಗೆ ಹೋಗುತ್ತಾರೆ, ಪುಟ ರಿಫ್ರೆಶ್ ಮಾಡಿದರೆ ಹೊರಗೆ. ಮತ್ತೆ ಪಾಸ್‌ವರ್ಡ್, ಮತ್ತೆ ಹೊರಗೆ. ಉತ್ತರ: ‘ಕ್ಯಾಶ್ ಕ್ಲಿಯರ್ ಮಾಡಿ ಮೇಡಂ, ಐಫೋನ್ ಪ್ರಾಬ್ಲಮ್ ಅದು.’

ಮೊಬೈಲಿನಲ್ಲಿ ಬೆರಳು ಎಳೆದರೆ ಒಂದು ಸಲ ಹೊರಗಿನದು ಜಾರುತ್ತದೆ, ಒಂದು ಸಲ ಒಳಗಿನದು. ‘ಮೊಬೈಲ್ ನಮ್ಮ ಸ್ಕೋಪಲ್ಲಿ ಇರ್ಲಿಲ್ಲ ಮೇಡಂ. 6,000 ಎಕ್ಸ್‌ಟ್ರಾ ಆಗುತ್ತೆ.’ ಈ ಕಾಲದಲ್ಲಿ ಮೊಬೈಲ್ ಲೆಕ್ಕಕ್ಕಿಲ್ಲವಂತೆ!

ನನಗೆ ನಿಜವಾಗಿ ಪಿತ್ತ ನೆತ್ತಿಗೇರಿದ್ದು ಒತ್ತಕ್ಷರದ ವಿಷಯಕ್ಕೆ. ಚರ್ಚೆಗಳ ತಲೆಬರಹದಲ್ಲಿ ಒತ್ತುಗಳೆಲ್ಲ ಕತ್ತರಿಸಿ ಹೋಗಿದ್ದವು. ಮಲ್ಲಿಗೆ ಹೋಗಿ ‘ಮಲಿಗೆ’, ಕೊತ್ತಂಬರಿ ಹೋಗಿ ‘ಕೊತಂಬರಿ’, ಬಳ್ಳಿ ಹೋಗಿ ‘ಬಳಿ’. ಒಂದನೇ ತರಗತಿ ಮಗು ಬರೆದ ಹಾಗೆ. ಸಾಲಿನ ಎತ್ತರವನ್ನು ಇಂಗ್ಲಿಷ್ ಅಕ್ಷರದ ಲೆಕ್ಕಕ್ಕೆ ಇಟ್ಟು, ಮಿಕ್ಕಿದ್ದು ಕಾಣದ ಹಾಗೆ ಮಾಡಿದ್ದ. ನಮ್ಮ ಲಿಪಿಯಲ್ಲಿ ಅರ್ಧ ವಿಷಯ ಸಾಲಿನ ಕೆಳಗೇ ಇರುತ್ತದೆ, ಅಲ್ವಾ? ಅವನ ಉತ್ತರ ಕೇಳಿ: ‘ಅದು ಕನ್ನಡ ಫಾಂಟ್ ಪ್ರಾಬ್ಲಮ್ ಮೇಡಂ. ಟೈಟಲ್ ಇಂಗ್ಲಿಷಲ್ಲಿ ಹಾಕ್ಸಿ, ಸರಿಹೋಗುತ್ತೆ.’ ಮೈಸೂರಲ್ಲಿ ಕೂತು, ಕನ್ನಡದಲ್ಲಿ ಓದಿ ಬೆಳೆದ ಹುಡುಗ ಹೇಳುವ ಮಾತಾ ಇದು?

ದಸರಾ ರಜೆಗೆ ತಂಗಿಯ ಮಗ ಬಂದಿದ್ದ. ಇಂಜಿನಿಯರಿಂಗ್ ಎರಡನೇ ವರ್ಷ. ಲ್ಯಾಪ್‌ಟಾಪಿನಲ್ಲಿ ಬಲಗಡೆ ಬಟನ್ ಒತ್ತಿ ಅದೇನೋ ಇನ್‌ಸ್ಪೆಕ್ಟ್ ಅಂತ ತೆರೆದ. ಅರ್ಧ ನಿಮಿಷ ಸುಮ್ಮನೆ ನೋಡಿದ. ಆಮೇಲೆ ಜೋರಾಗಿ ನಕ್ಕ. ‘ದೊಡ್ಡಮ್ಮ, ಇವನು ಡಿಸೈನ್ ಏನೂ ಮಾಡಿಲ್ಲ. ಐಫ್ರೇಮ್ ಹಾಕಿದಾನೆ.’

ನನಗೆ ಅರ್ಥವಾಗಲಿಲ್ಲ. ಅವನು ನಮ್ಮ ಮನೆಯ ಶೋಕೇಸ್ ತೋರಿಸಿ ಹೇಳಿದ. ಗೋಡೆಗೆ ತೂತು ಕೊರೆದು, ಪಕ್ಕದ ಮನೆಯ ಹಾಲ್ ಕಾಣುವ ಹಾಗೆ ಮಾಡಿ, ನಿಮ್ಮ ಮನೆ ದೊಡ್ಡದಾಯ್ತು ಅಂದ ಹಾಗೆ ಅಂತ. ನಮ್ಮ ಸೈಟಿನಲ್ಲಿ ಒಂದು ಖಾಲಿ ಪುಟ ಮಾಡಿ, ನಡುವೆ ಚೌಕಟ್ಟು ಇಟ್ಟು, ಅದರೊಳಗೆ ಆ ಹುಡುಗ ತನ್ನ ಸರ್ವರಿನ ವೇದಿಕೆಯನ್ನು ತೋರಿಸುತ್ತಿದ್ದ. ಹಸಿರು ಪಟ್ಟಿ, ಲೋಗೋ ಎಲ್ಲ ನಮ್ಮ ಹಳೆಯ ಸೈಟಿನದೇ! ಮೊದಲೇ ಇದ್ದದ್ದು! ನಾವು ಚಪ್ಪಾಳೆ ತಟ್ಟಿದ್ದು 2019ರಲ್ಲಿ ನಾವೇ ಮಾಡಿಕೊಂಡಿದ್ದಕ್ಕೆ.

ಆ ಕ್ಷಣ ನನ್ನ ಕಿವಿ ಬಿಸಿಯಾಯಿತು. ಪ್ರೊಜೆಕ್ಟರ್, ಚಪ್ಪಾಳೆ, ಕಾಫಿ, ಎಲ್ಲ ಒಟ್ಟಿಗೆ ನೆನಪಾಯಿತು.

ವಿಳಾಸ ಬದಲಾಗದೇ ಇದ್ದದ್ದೂ ಅದಕ್ಕೇ. ಐಫೋನಿನ ಕಥೆಯೂ ಅದೇ. ಅದರ ಸಫಾರಿ ಬ್ರೌಸರ್ 2020ರಿಂದಲೇ ಚೌಕಟ್ಟಿನೊಳಗಿನ ಬೇರೆ ಸೈಟಿನ ಕುಕಿಗಳನ್ನು, ಅಂದರೆ ಲಾಗಿನ್ ನೆನಪಿಡುವ ಗುರುತುಚೀಟಿಗಳನ್ನು, ತಡೆಯುತ್ತದಂತೆ. ಪುಟ ಹೊಸದಾಗಿ ತೆರೆದಾಗ ನೀವು ಯಾರು ಅಂತ ಅದಕ್ಕೆ ನೆನಪೇ ಇರುವುದಿಲ್ಲ. ಸಾವಿರ ಸಲ ಕ್ಯಾಶ್ ಕ್ಲಿಯರ್ ಮಾಡಿದರೂ ಅಷ್ಟೇ. ಕ್ಲಿಯರ್ ಆದದ್ದು ಬಳಗದ ಕ್ಯಾಶ್ ಒಂದೇ.

ವೇದಿಕೆಯ ಒಳಗಡೆ ಆ ಹುಡುಗ ಮಾಡಿದ ಒಂದೇ ಕೆಲಸ, ಪ್ರೊಸಿಲ್ವರಿನ ಮೂಲ ಬಣ್ಣದ ಫೈಲಿಗೇ ಕೈ ಹಾಕಿ ನೀಲಿ ಇದ್ದಲ್ಲಿ ಹಸಿರು ತುಂಬಿದ್ದು. ಅದೂ ನಮ್ಮ ಹಸಿರಲ್ಲ, ಒಂಥರಾ ಪಾಚಿ ಬಣ್ಣ. ಹಾಗೆ ಮೂಲಕ್ಕೇ ಕೈ ಹಾಕಿದರೆ ತಂತ್ರಾಂಶ ಅಪ್‌ಡೇಟ್ ಮಾಡಿದ ದಿನ ಎಲ್ಲ ಅಳಿಸಿ ಮತ್ತೆ ನೀಲಿ ಆಗುವ ಸಾಧ್ಯತೆ ಇದೆ. ಸರಿಯಾದ ದಾರಿ ಕಷ್ಟವೇನಲ್ಲ. ಬೇರೆ ಹೆಸರಿನ ವೇಷ ಮಾಡಿ, ಅದರ ಸೆಟ್ಟಿಂಗ್ ಫೈಲಿನಲ್ಲಿ ‘ಇದರ ತಾಯಿ ಪ್ರೊಸಿಲ್ವರ್’ ಅಂತ ಒಂದು ಸಾಲು ಬರೆದರೆ, ಬದಲಾದದ್ದು ಮಾತ್ರ ನಮ್ಮದು, ಮಿಕ್ಕಿದ್ದು ತಾಯಿಯದು. ತಂಗಿಯ ಮಗ ಎರಡು ಸಂಜೆಯಲ್ಲಿ ಅಷ್ಟು ಮಾಡಿ ತೋರಿಸಿದ. ಒತ್ತಕ್ಷರವೂ ಬಂತು. ಅವನಿಗೆ ನಾನು ಕೊಟ್ಟದ್ದು ಹೋಳಿಗೆ.

ಹುಡುಗನಿಗೆ ಫೋನ್ ಮಾಡಿದೆ. ‘ಏನಪ್ಪಾ, ಇದು ಬರೀ ಚೌಕಟ್ಟಂತೆ?’

‘ಮೇಡಂ, ನೀವು ಕೇಳಿದ್ದು ಮ್ಯಾಚ್ ಆಗ್ಬೇಕು ಅಂತ. ಆಗಿದೆಯಲ್ಲ?’

‘ಕೊಂಡಿ ಕಳಿಸೋಕೆ ಆಗಲ್ಲ, ಲಾಗಿನ್ ನಿಲ್ಲಲ್ಲ.’

‘ಲುಕ್ ಬಗ್ಗೆ ತಾನೇ ಅಗ್ರಿಮೆಂಟ್ ಆಗಿದ್ದು?’

ಅಗ್ರಿಮೆಂಟ್ ಅಂದರೆ ನನ್ನ ವಾಟ್ಸಾಪ್ ಮೆಸೇಜು. ‘ನಮ್ಮ ಸೈಟ್ ಥರಾನೇ ಕಾಣ್ಬೇಕು.’ ಅಷ್ಟೇ ಬರೆದಿದ್ದೆ. ಗಣಿತದ ಮೇಷ್ಟ್ರು!

ಸರಿ, ನಮ್ಮ ಬರಹಗಳ ಬ್ಯಾಕಪ್ ಆದರೂ ಕೊಡು ಅಂದೆ. ಎರಡು ದಿನ ಓದಿದ ನೀಲಿ ಟಿಕ್ ಮಾತ್ರ. ಮೂರನೇ ದಿನ: ‘ಬ್ಯಾಲೆನ್ಸ್ 8,000 ಕ್ಲಿಯರ್ ಮಾಡಿ ಮೇಡಂ, ಡೇಟಾಬೇಸ್ ಕಳಿಸ್ತೀನಿ.’ ಆ ಫ್ರೀ ಹೋಸ್ಟಿಂಗ್ ಯಾಕೆ ಅಂತ ಆಗ ಗೊತ್ತಾಯಿತು. ಮನೆ ನಮ್ಮದು, ಬೀಗದ ಕೈ ಅವನ ಜೇಬಿನಲ್ಲಿ.

ಯಾರಾದರೂ ಇಂಥ ಕೆಲಸ ಮಾಡಿಸುವವರಿದ್ದರೆ, ವೇದಿಕೆಯನ್ನು ನಿಮ್ಮ ಸ್ವಂತ ವಿಳಾಸದಡಿ, ನಿಮ್ಮ ಸರ್ವರಿನಲ್ಲೇ ಹಾಕಿಸಿ. ಡೆಮೊ ಅವರ ಲ್ಯಾಪ್‌ಟಾಪಿನಲ್ಲಿ ನೋಡಬೇಡಿ, ನಿಮ್ಮ ಫೋನಿನಲ್ಲಿ ನೋಡಿ. ಒಂದು ಚರ್ಚೆ ತೆರೆದು ವಿಳಾಸ ಬದಲಾಗುತ್ತಾ ನೋಡಿ. ‘ಕ್ಷೇತ್ರಜ್ಞ’ ಅಂತ ಟೈಪ್ ಮಾಡಿಸಿ, ಒತ್ತು ಉಳಿಯುತ್ತಾ ನೋಡಿ. ‘ನಮ್ಮಮ್ಮ ಇದ್ದ ಹಾಗೆ’ ಅಂದರೆ ಮಾತ್ರ ಕಾಫಿ ಕೊಡಬೇಡಿ.

8,000 ನಾವು ಕೊಟ್ಟಿಲ್ಲ, ಕೊಡುವುದೂ ಇಲ್ಲ. ಹಾಗಾಗಿ ಏಳು ತಿಂಗಳ ಬರಹ ಇನ್ನೂ ಅವನ ಹತ್ತಿರವೇ ಇದೆ. ಅವನು ಮುಚ್ಚುವ ಮೊದಲು ಆದಷ್ಟು ಉಳಿಸಿಕೊಳ್ಳೋಣ ಅಂತ ದಿನಾ ಸಂಜೆ ನಾನೂ ಇನ್ನಿಬ್ಬರೂ ಕೂತು ಒಂದೊಂದೇ ಚರ್ಚೆ ನಕಲು ಮಾಡುತ್ತಿದ್ದೇವೆ. ನಿನ್ನೆಗೆ ಬದನೆ ಮುಗಿಯಿತು. ಇವತ್ತು ಸೊಪ್ಪು.