ಹಾರ್ಟ್ ಚೆಕಪ್ ಪ್ಯಾಕೇಜ್: ಆರ್ಥ್ರೈಟಿಸ್, ಲೂಪಸ್ ಇರುವವರು ದುಡ್ಡು ಕಟ್ಟುವ ಮುನ್ನ

ಮಂಗಳೂರಿನ ಕಂಕನಾಡಿ, ಹಂಪನಕಟ್ಟೆಯಿಂದ ಹಿಡಿದು ಉಡುಪಿ, ಮಣಿಪಾಲದವರೆಗೆ ದೊಡ್ಡ ಆಸ್ಪತ್ರೆಗಳಲ್ಲೂ ಲ್ಯಾಬ್‌ಗಳಲ್ಲೂ ‘ಹಾರ್ಟ್ ಚೆಕಪ್ ಪ್ಯಾಕೇಜ್’ ಸಿಗುತ್ತದೆ. ಹೆಸರು, ದರ ಬೇರೆ ಬೇರೆ. ಒಳಗಿರುವುದು ಹೆಚ್ಚುಕಡಿಮೆ ಒಂದೇ. ರಕ್ತದ ಸಾಮಾನ್ಯ ಪರೀಕ್ಷೆ, ಖಾಲಿ ಹೊಟ್ಟೆಯ ಶುಗರ್, ಲಿಪಿಡ್ ಪ್ರೊಫೈಲ್ (ಕೊಲೆಸ್ಟೆರಾಲ್ ಪರೀಕ್ಷೆ), ಕ್ರಿಯೇಟಿನಿನ್ (ಕಿಡ್ನಿಯ ಪರೀಕ್ಷೆ), ಇಸಿಜಿ, ಎಕೋ (ಹೃದಯದ ಸ್ಕ್ಯಾನ್), ಟಿಎಂಟಿ (ಟ್ರೆಡ್‌ಮಿಲ್ ಮೇಲೆ ನಡೆಸಿ ನೋಡುವ ಇಸಿಜಿ), ಕೊನೆಗೆ ವೈದ್ಯರ ಜೊತೆ ಐದು ನಿಮಿಷ. ಕೆಲವು ಕಡೆ ಉರಿಯೂತ ಅಳೆಯುವ ‘ಹೈ ಸೆನ್ಸಿಟಿವಿಟಿ ಸಿಆರ್‌ಪಿ’ ರಕ್ತಪರೀಕ್ಷೆಯನ್ನೂ ಸೇರಿಸಿ ದರ ಏರಿಸುತ್ತಾರೆ. ಈ ವಿಮರ್ಶೆ ಯಾವುದೋ ಒಂದು ಕೇಂದ್ರದ್ದಲ್ಲ, ಈ ಸರಕಿನದ್ದು. ರುಮಟಾಯ್ಡ್ ಆರ್ಥ್ರೈಟಿಸ್, ಲೂಪಸ್, ಸ್ಕ್ಲೆರೋಡರ್ಮಾ (ಚರ್ಮ ಬಿಗಿಯಾಗುವ ಕಾಯಿಲೆ), ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ (ಬೆನ್ನುಮೂಳೆಯ ಉರಿಯೂತ), ಮಯೋಸೈಟಿಸ್ (ಸ್ನಾಯುಗಳ ಉರಿಯೂತ), ಟಕಯಾಸು (ದೊಡ್ಡ ರಕ್ತನಾಳಗಳ ಉರಿಯೂತ) ಇಂಥ, ದೇಹದ ರೋಗನಿರೋಧಕ ಶಕ್ತಿ ತನ್ನ ಮೇಲೆಯೇ ತಿರುಗಿ ಬೀಳುವ ‘ಆಟೋಇಮ್ಯೂನ್’ ಕಾಯಿಲೆಗಳಲ್ಲಿ ಒಂದು ಇರುವವರಿಗೆ ಇದು ಎಷ್ಟು ಉಪಯೋಗ ಎಂಬುದಷ್ಟೇ ಇಲ್ಲಿನ ಪ್ರಶ್ನೆ. ನಮ್ಮ ತೀರ್ಪು ಮೊದಲೇ ಹೇಳಿಬಿಡುತ್ತೇವೆ: ಎಕೋ, ಇಸಿಜಿಗೆ ಕೊಟ್ಟ ಹಣ ಸಾರ್ಥಕ, ಟಿಎಂಟಿ ಎಲ್ಲರಿಗೂ ಅಲ್ಲ, ಹೈ ಸೆನ್ಸಿಟಿವಿಟಿ ಸಿಆರ್‌ಪಿ ಬೇಡವೇ ಬೇಡ, ನಿಜವಾಗಿ ಬೇಕಾದ ಕೆಲವು ಪರೀಕ್ಷೆಗಳು ಪ್ಯಾಕೇಜಿನಲ್ಲಿ ಇಲ್ಲವೇ ಇಲ್ಲ.

ಪ್ಯಾಕೇಜ್ ರೂಪಿಸಿರುವುದು ಬಿಪಿ, ಶುಗರ್, ಬೀಡಿ-ಸಿಗರೇಟು, ಕೊಲೆಸ್ಟೆರಾಲ್ ಲೆಕ್ಕದಲ್ಲಿ. ಆಟೋಇಮ್ಯೂನ್ ಕಾಯಿಲೆಯಲ್ಲಿ ಇವೆಲ್ಲದರ ಜೊತೆ ವರ್ಷಗಟ್ಟಲೆ ಆರದ ಉರಿಯೂತವೂ ರಕ್ತನಾಳದ ಒಳಪದರವನ್ನು ಕೆಡಿಸುತ್ತಿರುತ್ತದೆ. ರುಮಟಾಯ್ಡ್ ಇದ್ದವರಿಗೆ ಹೃದಯ-ರಕ್ತನಾಳ ಕಾಯಿಲೆಯ ಅಪಾಯ ಸುಮಾರು ಒಂದೂವರೆ ಪಟ್ಟು. ಯುರೋಪಿನ ವಾತರೋಗ ತಜ್ಞರ ಒಕ್ಕೂಟ ‘ಯೂಲಾರ್’ 2015/16ರ ಶಿಫಾರಸಿನಲ್ಲಿ ಹೇಳಿದ್ದೂ ಇದನ್ನೇ: ಅಪಾಯ ಲೆಕ್ಕ ಹಾಕುವ ಸೂತ್ರದಲ್ಲಿ ರುಮಟಾಯ್ಡ್ ಸೇರಿಲ್ಲದಿದ್ದರೆ ಬಂದ ಅಂಕಿಯನ್ನು 1.5ರಿಂದ ಗುಣಿಸಿ. ರಿಪೋರ್ಟಿನಲ್ಲಿ ಹತ್ತು ವರ್ಷದ ಅಪಾಯ 8% ಎಂದಿದ್ದರೆ ನಿಮ್ಮದು 12%. ಬ್ರಿಟನ್ನಿನ ‘ಕ್ಯೂರಿಸ್ಕ್ 3’ ಸೂತ್ರದಲ್ಲಿ ರುಮಟಾಯ್ಡ್, ಲೂಪಸ್, ಸ್ಟಿರಾಯ್ಡ್ ಸೇವನೆ ಮೂರೂ ಸೇರಿವೆ. ಅದನ್ನು ಬಳಸಿದ್ದರೆ ಮತ್ತೆ ಗುಣಿಸಬಾರದು. ಯಾವ ಸೂತ್ರ ಎಂದು ಕೇಳಿ. ಲೂಪಸ್‌ನಲ್ಲಿ ವಯಸ್ಸನ್ನು ನಂಬಿ ಕೂರುವ ಹಾಗೇ ಇಲ್ಲ. ಅಮೆರಿಕದ ಪಿಟ್ಸ್‌ಬರ್ಗ್‌ನ ತಂಡ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 35ರಿಂದ 44 ವಯಸ್ಸಿನ ಲೂಪಸ್ ಮಹಿಳೆಯರಲ್ಲಿ ಹೃದಯಾಘಾತದ ಸಂಭವ ಅದೇ ವಯಸ್ಸಿನ ಇತರ ಮಹಿಳೆಯರಿಗಿಂತ 50 ಪಟ್ಟಿಗೂ ಹೆಚ್ಚಿತ್ತು. ‘ಪ್ರಾಯ ಸಣ್ಣದು, ಗ್ಯಾಸ್ ಇರಬೇಕು’ ಎಂದು ಕಳಿಸಿಬಿಡುವುದು ಇಂಥವರನ್ನೇ.

ಲಿಪಿಡ್ ಪ್ರೊಫೈಲ್ ಒಳ್ಳೆಯ ಪರೀಕ್ಷೆ, ಆದರೆ ಹೊತ್ತು ನೋಡಿ ಮಾಡಿಸಬೇಕು. ಗಂಟುಗಳು ಊದಿಕೊಂಡು ಕಾಯಿಲೆ ಜೋರಾಗಿರುವಾಗ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟೆರಾಲ್) ತಾನಾಗಿಯೇ ಇಳಿದಿರುತ್ತದೆ. ಆಗ ಬಂದ ‘ನಾರ್ಮಲ್’ ನಂಬಿಕೆಗೆ ಅರ್ಹವಲ್ಲ, ಏಕೆಂದರೆ ಅದೇ ಹೊತ್ತಿನಲ್ಲಿ ರಕ್ತನಾಳಕ್ಕೆ ಅಪಾಯ ಹೆಚ್ಚಿರುತ್ತದೆ. ಕಾಯಿಲೆ ಹತೋಟಿಗೆ ಬಂದ ಮೇಲೆ ಮಾಡಿಸಿ. ಆರ್ಥ್ರೈಟಿಸ್‌ಗೆ ಕೊಡುವ ಟೊಸಿಲಿಜುಮ್ಯಾಬ್ ಅಥವಾ ಟೊಫಾಸಿಟಿನಿಬ್ ಶುರು ಮಾಡಿದರೆ ಎಲ್‌ಡಿಎಲ್ ಏರುತ್ತದೆ. 4ರಿಂದ 8 ವಾರದೊಳಗೆ ಮತ್ತೆ ನೋಡಬೇಕು.

ಖಾಲಿ ಹೊಟ್ಟೆಯ ಶುಗರ್ ವಿಷಯದಲ್ಲೂ ಹೀಗೆಯೇ ಮೋಸವಿದೆ. ಬೆಳಿಗ್ಗೆ ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಮಾತ್ರೆ ನುಂಗುವವರಿಗೆ ಶುಗರ್ ಏರುವುದು ಮಧ್ಯಾಹ್ನದ ಊಟದ ನಂತರ, ಸಂಜೆಯ ತನಕ. ಬೆಳಗಿನ ರಕ್ತದಲ್ಲಿ ಅದು ಕಾಣುವುದಿಲ್ಲ. ಊಟವಾಗಿ ಎರಡು ಗಂಟೆಯ ನಂತರದ ಶುಗರ್ ಕೇಳಿ ಪಡೆಯಿರಿ. ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಶುಗರ್) ಆಗಬಹುದು, ಆದರೆ ಲೂಪಸ್‌ನಿಂದ ಕೆಂಪು ರಕ್ತಕಣ ಒಡೆಯುತ್ತಿದ್ದರೆ ಅದು ಕಡಿಮೆ ತೋರಿಸುತ್ತದೆ. ಇನ್ನೊಂದು ಮಾತು: ಕುಂದಾಪುರದಿಂದಲೋ ಸುಳ್ಯದಿಂದಲೋ ಬೆಳಗಿನ ಮೊದಲ ಬಸ್ಸಿಗೆ ಹೊರಟವರು ಉಪವಾಸದ ನೆಪದಲ್ಲಿ ಆ ದಿನದ ಪ್ರೆಡ್ನಿಸೊಲೋನ್ ಬಿಟ್ಟುಬಿಡಬಾರದು. ದೀರ್ಘಕಾಲ ತೆಗೆದುಕೊಳ್ಳುತ್ತಿರುವವರ ದೇಹ ತನ್ನದೇ ಸ್ಟಿರಾಯ್ಡ್ ತಯಾರಿಸುವುದನ್ನು ಕಡಿಮೆ ಮಾಡಿರುತ್ತದೆ. ಮಾತ್ರೆ ಜೇಬಿನಲ್ಲಿರಲಿ, ರಕ್ತ ಕೊಟ್ಟು, ತಿಂಡಿ ತಿಂದು ಕೂಡಲೇ ನುಂಗಿ.

ಹೈ ಸೆನ್ಸಿಟಿವಿಟಿ ಸಿಆರ್‌ಪಿ ಬೇಡ ಎಂದದ್ದಕ್ಕೆ ಕಾರಣ ಸರಳ. ಅದು ಆರೋಗ್ಯವಂತರಲ್ಲಿ ಲೀಟರಿಗೆ 1, 3 ಮಿಲಿಗ್ರಾಂ ಎಂಬಂಥ ಸಣ್ಣ ವ್ಯತ್ಯಾಸ ಅಳೆಯಲು ಇರುವುದು. ಊದಿದ ಮಂಡಿಯೊಂದೇ ಸಿಆರ್‌ಪಿಯನ್ನು 20, 30ಕ್ಕೆ ಏರಿಸಬಲ್ಲದು. ಆ ಅಂಕಿ ಗಂಟಿನದ್ದೋ ಹೃದಯದ್ದೋ ಎಂದು ಯಾರೂ ಬಿಡಿಸಿ ಹೇಳಲಾರರು. ಕಾಯಿಲೆಯ ಹತೋಟಿ ತಿಳಿಯಲು ಸಾಮಾನ್ಯ ಸಿಆರ್‌ಪಿ, ಇಎಸ್‌ಆರ್ ಸಾಕು. ಪ್ಯಾಕೇಜಿನ ಜೊತೆ ಮಾರುವ ‘ಆರ್ಥ್ರೈಟಿಸ್ ಪ್ರೊಫೈಲ್’ನಲ್ಲಿ ಎಎಸ್‌ಒ ಎಂಬ ಪರೀಕ್ಷೆಯೂ ಇರುತ್ತದೆ. ಅದು ಗಂಟಲಿನ ಸ್ಟ್ರೆಪ್ಟೊಕಾಕಸ್ ಸೋಂಕಿನ ನಂತರ, ಮುಖ್ಯವಾಗಿ 5ರಿಂದ 15 ವರ್ಷದ ಮಕ್ಕಳಿಗೆ ಬರುವ ರುಮ್ಯಾಟಿಕ್ ಜ್ವರದ ತನಿಖೆಗೆ ಬೇಕಾದದ್ದು. ಹೃದಯದ ಕವಾಟ (ವಾಲ್ವ್) ಕೆಡಿಸುವುದು ಆ ಕಾಯಿಲೆ, ಮೂರು-ನಾಲ್ಕು ವಾರಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ಬೇಕಾಗುವುದೂ ಅದಕ್ಕೇ. ನಲವತ್ತರ ಹೆಂಗಸಿನ ಬೆರಳುಗಂಟು ಊದಿದ್ದಕ್ಕೂ ಅದಕ್ಕೂ ಸಂಬಂಧವಿಲ್ಲ. ಎಎಸ್‌ಒ ಒಂದೇ ಹೆಚ್ಚಿದೆ ಎಂದು ಪೆನಿಸಿಲಿನ್ ಶುರು ಮಾಡುವುದು ತಪ್ಪು.

ಈಗ ಟಿಎಂಟಿ. ಇಲ್ಲಿ ಹಣವಷ್ಟೇ ಅಲ್ಲ, ಸುಳ್ಳು ಧೈರ್ಯವೂ ಕೈಸೇರುತ್ತದೆ. ಸಾಮಾನ್ಯವಾಗಿ ಬಳಸುವ ಬ್ರೂಸ್ ಕ್ರಮದಲ್ಲಿ ಮೊದಲ ಮೂರು ನಿಮಿಷ ಗಂಟೆಗೆ 2.7 ಕಿ.ಮೀ. ವೇಗ, 10% ಏರು. ಮುಂದಿನ ಮೂರು ನಿಮಿಷ 4 ಕಿ.ಮೀ., 12% ಏರು. ಹೀಗೆ ಏರುತ್ತಾ 220ರಿಂದ ವಯಸ್ಸು ಕಳೆದ ಅಂಕಿಯ 85% ನಾಡಿಬಡಿತ ಮುಟ್ಟಬೇಕು. 55 ವರ್ಷದವರಿಗೆ ಅದು 140. ಪಾದದ ಗಂಟು ನೋಯುವವರು ನಾಲ್ಕನೇ ನಿಮಿಷಕ್ಕೆ, ನಾಡಿ 115ರಲ್ಲಿರುವಾಗಲೇ ‘ಸಾಕು’ ಎನ್ನುತ್ತಾರೆ. ಆಗ ರಿಪೋರ್ಟಿನಲ್ಲಿ ‘ನೆಗೆಟಿವ್’ ಎಂದು ಬಂದರೆ ಅದಕ್ಕೆ ಅರ್ಥವಿಲ್ಲ. ‘ಗುರಿ ಮುಟ್ಟಿಲ್ಲ, ನಿರ್ಣಯಿಸಲಾಗದು’ ಎಂದಿರಬೇಕು. ಆದ್ದರಿಂದ ಮೊದಲು ನೋಡಬೇಕಾದದ್ದು ಮುಟ್ಟಿದ ನಾಡಿಯ ಶೇಕಡಾವಾರು, ಕೊನೆಯ ಸಾಲು ಆಮೇಲೆ. ನಾಡಿ ನಿಧಾನಿಸುವ ಮೆಟೊಪ್ರೊಲಾಲ್‌ನಂಥ ಮಾತ್ರೆ ತೆಗೆದುಕೊಳ್ಳುವವರಿಗೂ ಇದೇ ತೊಡಕು. ನಡೆಯಲಾಗದವರಿಗೆ ಡೊಬುಟಮಿನ್ ಸ್ಟ್ರೆಸ್ ಎಕೋ, ನ್ಯೂಕ್ಲಿಯರ್ ಪರ್ಫ್ಯೂಷನ್ ಸ್ಕ್ಯಾನ್ ಅಥವಾ ಸಿಟಿ ಕೊರೊನರಿ ಆಂಜಿಯೋ ಇವೆ. ಸಿಟಿಗೆ ಕಾಂಟ್ರಾಸ್ಟ್ ಹಾಕುವುದರಿಂದ ಲೂಪಸ್ ಕಿಡ್ನಿಗೆ ಬಂದವರು ಕ್ರಿಯೇಟಿನಿನ್ ನೋಡಿಸದೆ ಒಪ್ಪಬಾರದು. ಹೃದಯದ ಹೊರಪೊರೆಯಲ್ಲಿ ಅಥವಾ ಸ್ನಾಯುವಿನಲ್ಲಿ ಉರಿಯೂತ ಜೋರಾಗಿರುವಾಗ ಟಿಎಂಟಿ ಮಾಡುವಂತೆಯೇ ಇಲ್ಲ. ಎದೆನೋವು ಅಂಗಾತ ಮಲಗಿದರೆ, ಉಸಿರೆಳೆದರೆ ಹೆಚ್ಚಾಗಿ, ಮುಂದಕ್ಕೆ ಬಾಗಿ ಕೂತರೆ ಕಡಿಮೆಯಾಗುತ್ತಿದ್ದರೆ ಹೊರಪೊರೆಯ ಉರಿಯೂತದ ಅನುಮಾನ ಬರಬೇಕು. ಲೂಪಸ್‌ನಲ್ಲಿ ಹೃದಯಕ್ಕೆ ಬರುವ ತೊಂದರೆಗಳಲ್ಲಿ ಅತಿ ಸಾಮಾನ್ಯ ಇದೇ. ಎದೆ ಹಿಂಡಿದಂತಾಗಿ ಬೆವರು, ಏದುಸಿರು ಬಂದರೆ ಪ್ಯಾಕೇಜಿನ ಮಾತೇ ಬೇಡ. 108ಕ್ಕೆ ಫೋನ್ ಮಾಡಿ, ಹತ್ತಿರದ ಕ್ಯಾಶುವಾಲ್ಟಿಗೆ ಹೋಗಿ.

ಎಕೋ ಈ ಪ್ಯಾಕೇಜಿನ ಜೀವಾಳ. ಆದರೆ ಪ್ಯಾಕೇಜಿನವರಿಗೆಂದು ಅವಸರದಲ್ಲಿ ಮಾಡಿದ ಎಕೋದಲ್ಲಿ ‘ಇಎಫ್ (ಹೃದಯ ರಕ್ತ ಹೊರದೂಡುವ ಪ್ರಮಾಣ) 60%, ನಾರ್ಮಲ್’ ಎಂಬುದಷ್ಟೇ ಬರೆದಿರುತ್ತದೆ. ಚೀಟಿಯಲ್ಲಿ ಕಾಯಿಲೆಯ ಹೆಸರು ಬರೆಸಿ, ಡಾಪ್ಲರ್ (ರಕ್ತದ ಹರಿವಿನ ಅಳತೆ) ಸಹಿತ ಬೇಕೆಂದು ಹೇಳಿ. ಹೊರಪೊರೆಯಲ್ಲಿ ನೀರು, ಕವಾಟ ದಪ್ಪಗಾಗಿದೆಯೇ, ಮಹಾಪಧಮನಿಯ ಬುಡದ ಅಗಲ, ಬಲಭಾಗದ ಕೆಲಸ, ಟ್ರೈಕಸ್ಪಿಡ್ ಕವಾಟದಲ್ಲಿ ಹಿಂದಕ್ಕೆ ಚಿಮ್ಮುವ ರಕ್ತದ ವೇಗ ಇವೆಲ್ಲ ರಿಪೋರ್ಟಿನಲ್ಲಿ ಇರಬೇಕು. ಸ್ಪಾಂಡಿಲೈಟಿಸ್‌ನವರಿಗೆ ಮಹಾಪಧಮನಿಯ ಕವಾಟ ಸೋರಬಹುದು, ಇಸಿಜಿಯಲ್ಲಿ ಪಿಆರ್ ಅಂತರ (ಬಡಿತದ ಸಂಕೇತ ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ತಲುಪುವ ಸಮಯ) 200 ಮಿಲಿಸೆಕೆಂಡ್ ದಾಟಬಹುದು. ಸ್ಕ್ಲೆರೋಡರ್ಮಾದವರಿಗೆ ಆ ಟ್ರೈಕಸ್ಪಿಡ್ ವೇಗವೇ ಮುಖ್ಯ: ಸೆಕೆಂಡಿಗೆ 2.8 ಮೀಟರ್ ದಾಟಿದರೆ ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಏರಿರುವ (ಪಲ್ಮನರಿ ಹೈಪರ್‌ಟೆನ್ಷನ್) ಅನುಮಾನ, 3.4 ದಾಟಿದರೆ ಬಲವಾದ ಅನುಮಾನ. ಎಕೋ ಒಂದರಿಂದಲೇ ತೀರ್ಮಾನ ಮಾಡುವಂತಿಲ್ಲ. ವರ್ಷಕ್ಕೊಮ್ಮೆ ಎಕೋ ಜೊತೆ ಎನ್‌ಟಿ-ಪ್ರೊಬಿಎನ್‌ಪಿ (ಹೃದಯದ ಮೇಲಿನ ಒತ್ತಡ ಸೂಚಿಸುವ) ರಕ್ತಪರೀಕ್ಷೆ ಮತ್ತು ಡಿಎಲ್‌ಸಿಒ (ಶ್ವಾಸಕೋಶದಿಂದ ರಕ್ತಕ್ಕೆ ಅನಿಲ ದಾಟುವ ಅಳತೆ) ಬೇಕು. ಸಾಮಾನ್ಯ ಊದುವ ಪರೀಕ್ಷೆ ಸ್ಪೈರೋಮೆಟ್ರಿ. ಡಿಎಲ್‌ಸಿಒ ಅದಲ್ಲ, ಹೆಸರು ಹಿಡಿದೇ ಕೇಳಿ. ಕಾಯಿಲೆ ಶುರುವಾಗಿ ಮೂರು ವರ್ಷ ದಾಟಿ ಡಿಎಲ್‌ಸಿಒ 60%ಕ್ಕಿಂತ ಕಡಿಮೆಯಿದ್ದರೆ ‘ಡಿಟೆಕ್ಟ್’ ಎಂಬ ಲೆಕ್ಕಾಚಾರದಿಂದ ಮುಂದಿನ ಹೆಜ್ಜೆ ನಿರ್ಧರಿಸುತ್ತಾರೆ. ಕೊನೆಯ ಮಾತು ಬಲಹೃದಯದ ಕ್ಯಾಥೆಟರ್ ಪರೀಕ್ಷೆಯದ್ದು; ಅಲ್ಲಿ ಶ್ವಾಸಕೋಶದ ಅಪಧಮನಿಯ ಸರಾಸರಿ ಒತ್ತಡ 20 ಮಿ.ಮೀ. ದಾಟಿದರೆ ಪಲ್ಮನರಿ ಹೈಪರ್‌ಟೆನ್ಷನ್ ಇದೆ ಎಂದರ್ಥ.

ಕಾಸು ಖರ್ಚಿಲ್ಲದ, ಆದರೆ ಹೆಚ್ಚಿನವರು ಮರೆಯುವ ಪರೀಕ್ಷೆ ಎರಡೂ ಕೈಯ ಬಿಪಿ. ಟಕಯಾಸು ಕಾಯಿಲೆ ನಮ್ಮ ದೇಶದ ಪ್ರಾಯದ ಹೆಣ್ಣುಮಕ್ಕಳಲ್ಲಿ ಕಂಡುಬರುವಂಥದ್ದು. ಒಂದು ಕೈಯ ನಾಡಿ ಸಿಗದಿರುವುದು, ಬಟ್ಟೆ ಒಗೆಯುವಾಗ ಕೈ ಸೋಲುವುದು, ಎರಡು ಕೈಗಳ ಬಿಪಿಯಲ್ಲಿ ಮೇಲಿನ (ಸಿಸ್ಟೋಲಿಕ್) ಅಂಕಿಗೆ 10ಕ್ಕಿಂತ ಹೆಚ್ಚಿನ ವ್ಯತ್ಯಾಸ ಇವು ಸುಳಿವು. ರಕ್ತನಾಳ ಕಿರಿದಾದ ಕೈಯಲ್ಲೇ ಅಳೆದರೆ 180 ಇರುವ ಬಿಪಿ 110 ಎಂದು ಕಾಣಬಹುದು.

ಮಯೋಸೈಟಿಸ್‌ನವರಿಗೆ ಒಂದು ಎಚ್ಚರಿಕೆ. ಹೃದಯದ ಹಾನಿ ತಿಳಿಯಲು ಮಾಡುವ ರಕ್ತಪರೀಕ್ಷೆಗಳಾದ ಸಿಕೆ-ಎಂಬಿ, ಟ್ರೊಪೊನಿನ್ ಟಿ ಎರಡೂ ಕೈಕಾಲಿನ ಸ್ನಾಯು ಚೇತರಿಸಿಕೊಳ್ಳುವಾಗಲೂ ಏರುತ್ತವೆ. ಹೃದಯಕ್ಕೆ ಪೆಟ್ಟು ಬಿದ್ದಿದೆಯೇ ಎಂದು ತಿಳಿಯಲು ಟ್ರೊಪೊನಿನ್ ಐ ಬೇಕು.

ಪ್ಯಾಕೇಜಿನ ದೊಡ್ಡ ಕೊರತೆ ಎಂದರೆ ಮಾತ್ರೆಗಳ ಲೆಕ್ಕ ಕೇಳುವವರೇ ಇಲ್ಲ. ನೋವಿನ ಮಾತ್ರೆಯಿಂದಲೇ ಅರ್ಧ ತೊಂದರೆ. ಮೆಡಿಕಲ್‌ನಿಂದ ಚೀಟಿಯಿಲ್ಲದೆ ತರುವ ಡೈಕ್ಲೊಫಿನಾಕ್, ಎಟೊರಿಕಾಕ್ಸಿಬ್ ಬಿಪಿ ಏರಿಸುತ್ತವೆ, ನೀರು ತುಂಬಿಸುತ್ತವೆ, ಹೃದಯಾಘಾತದ ಅಪಾಯವನ್ನೂ ಹೆಚ್ಚಿಸುತ್ತವೆ. ಹೃದಯಕ್ಕೆಂದು ಆಸ್ಪಿರಿನ್ ತೆಗೆದುಕೊಳ್ಳುವವರು ಅದಕ್ಕೆ ಮೊದಲು ಐಬುಪ್ರೊಫೇನ್ ನುಂಗಿದರೆ ಆಸ್ಪಿರಿನ್ ಕೆಲಸ ಮಾಡದು. ಸಾದಾ ಆಸ್ಪಿರಿನ್ ನುಂಗಿ ಕನಿಷ್ಠ ಅರ್ಧ ಗಂಟೆ ಬಿಟ್ಟೇ ಐಬುಪ್ರೊಫೇನ್. ಹೃದಯ ವೈಫಲ್ಯ ಇರುವವರು ಆರ್ಥ್ರೈಟಿಸ್‌ಗೆ ಕೊಡುವ ಇನ್‌ಫ್ಲಿಕ್ಸಿಮ್ಯಾಬ್, ಅಡಾಲಿಮುಮ್ಯಾಬ್ ಇಂಜೆಕ್ಷನ್ ಶುರು ಮಾಡುವ ಮೊದಲೇ ಅದನ್ನು ವಾತರೋಗ ತಜ್ಞರಿಗೆ ಹೇಳಬೇಕು. ಲೂಪಸ್, ರುಮಟಾಯ್ಡ್‌ಗೆ ಕೊಡುವ ಹೈಡ್ರಾಕ್ಸಿಕ್ಲೊರೊಕ್ವಿನ್ ಹೃದಯಕ್ಕೆ ಒಟ್ಟಾರೆ ಒಳ್ಳೆಯ ಮಾತ್ರೆ, ಭಯದಿಂದ ಬಿಡಬೇಡಿ. ಪ್ರಮಾಣ ಮಾತ್ರ ದಿನಕ್ಕೆ ಕೆಜಿಗೆ 5 ಮಿಲಿಗ್ರಾಂ ಒಳಗಿರಲಿ. 50 ಕೆಜಿ ತೂಕದವರಿಗೆ 250 ಮಿ.ಗ್ರಾಂ. ಆಗುತ್ತದೆ, ಒಂದು ದಿನ 200, ಮರುದಿನ 300 ಎಂದು ವೈದ್ಯರು ಹೊಂದಿಸಬಹುದು. ಜೊತೆಗೆ ಅಜಿತ್ರೊಮೈಸಿನ್‌ನಂಥ ಮಾತ್ರೆ ಬರೆದರೆ ಇಸಿಜಿಯಲ್ಲಿ ಕ್ಯೂಟಿಸಿ ಎಂಬ ಅಂತರ ನೋಡಿಸಿ, ಅದು ಉದ್ದವಾದರೆ ಬಡಿತದ ಲಯ ತಪ್ಪಬಹುದು.

ರಕ್ತ ಹೆಪ್ಪುಗಟ್ಟಿಸುವ ಆಂಟಿಫಾಸ್ಫೊಲಿಪಿಡ್ ಪ್ರತಿಕಾಯಗಳ ಪರೀಕ್ಷೆ ಲೂಪಸ್ ಇರುವ ಪ್ರತಿಯೊಬ್ಬರಿಗೂ ಒಮ್ಮೆಯಾದರೂ ಆಗಬೇಕು. ಅದು ಮೂರು ಭಾಗದ್ದು: ಲೂಪಸ್ ಆಂಟಿಕೊಯಾಗುಲಂಟ್, ಆಂಟಿಕಾರ್ಡಿಯೊಲಿಪಿನ್, ಬೀಟಾ-2 ಗ್ಲೈಕೊಪ್ರೊಟೀನ್. ಮೊದಲನೆಯದಕ್ಕೆ ರಕ್ತ ತೆಳುವಾಗಿಸುವ ಹೆಪಾರಿನ್, ವಾರ್ಫರಿನ್ ಶುರು ಮಾಡುವ ಮೊದಲೇ ರಕ್ತ ತೆಗೆಯಬೇಕು, ಇಲ್ಲವಾದರೆ ಫಲಿತಾಂಶ ಕೆಡುತ್ತದೆ. ಪಾಸಿಟಿವ್ ಬಂದರೆ ಕನಿಷ್ಠ 12 ವಾರ ಬಿಟ್ಟು ಮತ್ತೊಮ್ಮೆ. ಮೂರೂ ಪಾಸಿಟಿವ್ ಇದ್ದು ಹೆಪ್ಪುಗಟ್ಟಿದ ಚರಿತ್ರೆ ಇರುವವರಿಗೆ ರಿವರಾಕ್ಸಬ್ಯಾನ್ (ರಕ್ತ ತೆಳುವಾಗಿಸುವ ಇನ್ನೊಂದು ಮಾತ್ರೆ) ಸಲ್ಲದು ಎಂದು 2018ರ ಟ್ರ್ಯಾಪ್ಸ್ ಅಧ್ಯಯನ ತೋರಿಸಿದೆ. ಅವರಿಗೆ ವಾರ್ಫರಿನ್ನೇ, ಐಎನ್‌ಆರ್ (ರಕ್ತ ಎಷ್ಟು ತೆಳುವಾಗಿದೆ ಎಂಬ ಅಳತೆ) ಸಾಮಾನ್ಯವಾಗಿ 2ರಿಂದ 3ರೊಳಗೆ. ಬಸಳೆ, ಹರಿವೆ ಬಿಡಬೇಕಿಲ್ಲ. ವಾರವಾರವೂ ಒಂದೇ ಪ್ರಮಾಣದಲ್ಲಿ ತಿನ್ನಿ. ಒಂದು ವಾರ ದಿನಾ ಸೊಪ್ಪು, ಮರುವಾರ ಏನೂ ಇಲ್ಲ ಎಂದಾದರೆ ಐಎನ್‌ಆರ್ ಏರುಪೇರಾಗುತ್ತದೆ.

ಮಗು ಬೇಕೆನ್ನುವ, ಲೂಪಸ್ ಅಥವಾ ಜೋಗ್ರನ್ಸ್ (ಕಣ್ಣು, ಬಾಯಿ ಒಣಗಿಸುವ ಆಟೋಇಮ್ಯೂನ್ ಕಾಯಿಲೆ) ಇರುವ ಮಹಿಳೆಯರಿಗೆ ಆಂಟಿ-ರೋ ಎಂಬ ಪ್ರತಿಕಾಯದ ಪರೀಕ್ಷೆ ಮುಖ್ಯ, ಅದೂ ಯಾವ ಪ್ಯಾಕೇಜಿನಲ್ಲೂ ಇಲ್ಲ. ಪಾಸಿಟಿವ್ ಇದ್ದರೆ ನೂರರಲ್ಲಿ ಒಂದೆರಡು ಶಿಶುಗಳಿಗೆ ಹೊಟ್ಟೆಯಲ್ಲಿರುವಾಗಲೇ ಹಾರ್ಟ್ ಬ್ಲಾಕ್ (ರಕ್ತನಾಳದ ಬ್ಲಾಕ್ ಅಲ್ಲ, ಬಡಿತದ ಸಂಕೇತಕ್ಕೆ ಬೀಳುವ ತಡೆ) ಆಗುತ್ತದೆ. ಹಿಂದಿನ ಮಗುವಿಗೆ ಆಗಿದ್ದರೆ ಈ ಸಂಭವ ಹಲವು ಪಟ್ಟು ಏರುತ್ತದೆ. ಅಂಥವರು ಗರ್ಭ ನಿಲ್ಲುವ ಮೊದಲೇ ವೈದ್ಯರನ್ನು ಕಂಡು, ಹತ್ತನೇ ವಾರದೊಳಗೆ ಹೈಡ್ರಾಕ್ಸಿಕ್ಲೊರೊಕ್ವಿನ್ ಶುರುವಾಗುವಂತೆ ನೋಡಿಕೊಳ್ಳಬೇಕು. ಹದಿನಾರು-ಹದಿನೆಂಟನೇ ವಾರದಿಂದ ಇಪ್ಪತ್ತಾರನೇ ವಾರದವರೆಗೆ ಮತ್ತೆ ಮತ್ತೆ ಶಿಶುವಿನ ಎಕೋ ಬೇಕಾಗುತ್ತದೆ. ಇದು ಮಾಮೂಲಿ ಅನಾಮಲಿ ಸ್ಕ್ಯಾನ್ ಅಲ್ಲ.

ಹೀಗಾಗಿ ಕೌಂಟರಿನಲ್ಲಿ ಪೂರ್ತಿ ಪ್ಯಾಕೇಜ್ ಬೇಡ, ಬಿಡಿಬಿಡಿಯಾಗಿ ಎಷ್ಟಾಗುತ್ತದೆ ಎಂದು ಕೇಳಿ ನೋಡಿ. ಇಸಿಜಿ, ಸಾಮಾನ್ಯ ರಕ್ತಪರೀಕ್ಷೆಗಳನ್ನು ಮಂಗಳೂರಿನ ಸರ್ಕಾರಿ ವೆನ್ಲಾಕ್ ಆಸ್ಪತ್ರೆ ಅಥವಾ ಉಡುಪಿ ಅಜ್ಜರಕಾಡಿನ ಜಿಲ್ಲಾಸ್ಪತ್ರೆಯಲ್ಲಿ ಮಾಡಿಸಿ, ಉಳಿಸಿದ ಹಣವನ್ನು ಸರಿಯಾದ ಎಕೋಗೆ ಹಾಕುವುದು ಜಾಣತನ. ಎಕೋ ರಿಪೋರ್ಟಿನ ಹಾಳೆಯ ಜೊತೆ ವಿಡಿಯೊವನ್ನೂ ಸಿಡಿ ಅಥವಾ ಪೆನ್‌ಡ್ರೈವ್‌ಗೆ ಹಾಕಿಸಿಕೊಳ್ಳಿ, ಹಳೆಯ ಇಸಿಜಿಗಳ ಜೆರಾಕ್ಸ್ ಮಾಡಿಡಿ. ಉಷ್ಣದ ಕಾಗದದ ಇಸಿಜಿ ಕೆಲವು ವರ್ಷಗಳಲ್ಲಿ ಮಾಸಿಹೋಗುತ್ತದೆ, ಪಿಆರ್ ಅಂತರ ಮೊದಲು ಎಷ್ಟಿತ್ತು ಎಂದು ಹೋಲಿಸಲು ಆಮೇಲೆ ಏನೂ ಉಳಿಯುವುದಿಲ್ಲ.