ಮೂರು ಬಟ್ಟಲಿನ ಬಿಸಿ ಡಬ್ಬಿ: ಐದು ಸೆಮಿಸ್ಟರ್ ಹೊತ್ತವರ ವಿಮರ್ಶೆ

ಇದು ಸ್ಟೀಲ್ ಊಟದ ಡಬ್ಬಿಯ ವಿಮರ್ಶೆ. ಹೊರಗೆ ಜೋಡಿ ಗೋಡೆಯ ದೊಡ್ಡ ಡಬ್ಬ, ಒಳಗೆ ಒಂದರ ಮೇಲೊಂದು ಕೂರುವ ಮೂರು ಬಟ್ಟಲು. ಪ್ರತಿ ಬಟ್ಟಲಿಗೂ ರಬ್ಬರ್ ರಿಂಗ್ ಇರುವ ಮುಚ್ಚಳ. ಮೇಲೆ ಎರಡು ಕ್ಲಿಪ್, ಒಂದು ಹಿಡಿ, ಜೊತೆಗೆ ಬಿಟ್ಟಿಯಾಗಿ ಬಂದ ನೀಲಿ ಚೀಲ. ಬಿ.ಎಸ್ಸಿ ಮೊದಲ ಸೆಮಿಸ್ಟರ್‌ನಲ್ಲಿ ತಗೊಂಡಿದ್ದು. ಈಗ ಐದನೇದು ನಡೀತಿದೆ. ಕಂಪನಿ ಹೆಸರು ಬರೆಯಲ್ಲ. ಇದೇ ಅಚ್ಚಿನ ಡಬ್ಬಿ ಬೇರೆ ಬೇರೆ ಸ್ಟಿಕ್ಕರ್ ಹಾಕ್ಕೊಂಡು ಎಲ್ಲಾ ಅಂಗಡಿಯಲ್ಲೂ ಕೂತಿದೆ.

ಇಂಥ ಡಬ್ಬಿಗಳ ವಿಮರ್ಶೆ ಹುಡುಕಿದರೆ ಮುಕ್ಕಾಲು ಪಾಲು ಡಬ್ಬಿ ಮನೆಗೆ ಬಂದ ದಿನವೇ ಬರೆದದ್ದು. 'ಪ್ಯಾಕಿಂಗ್ ಸೂಪರ್', 'ನೋಡೋಕೆ ಚೆನ್ನಾಗಿದೆ', ಐದು ಸ್ಟಾರ್. ಅದರೊಳಗೆ ಹುರುಳಿಕಾಳಿನ ಬಸ್ಸಾರು ಹಾಕಿ, ನಿಂತ್ಕೊಂಡೇ ಬಸ್ಸಲ್ಲಿ ಹೋಗಿ ನೋಡಿದವರು ಬರೆದದ್ದು ನನ್ನ ಕಣ್ಣಿಗೆ ಬೀಳಲಿಲ್ಲ.

ನಾನು ಗುಬ್ಬಿಯಿಂದ ತುಮಕೂರಿಗೆ ದಿನಾ ಓಡಾಡುವವನು. ಬೆಳಗ್ಗೆ ಏಳೂವರೆಗೆ ಅಮ್ಮ ತುಂಬಿದ ಡಬ್ಬಿ ಮಧ್ಯಾಹ್ನ ಒಂದೂವರೆಗೆ ತೆರೆಯಬೇಕು. ಆರು ಗಂಟೆ ಬಿಸಿ ಇರುತ್ತೆ ಅಂತ ಡಬ್ಬಿ ಮೇಲೆ ಬರೆದಿತ್ತು. ಆ ಮಾತು ನಿಜ, ಅದನ್ನು ಮೊದಲೇ ಹೇಳಿಬಿಡ್ತೀನಿ. ಆದರೆ ಒಂದು ಕೆಲಸ ಮಾಡಬೇಕು. ಊಟ ಹಾಕುವ ಮುಂಚೆ ಕುದಿಯೋ ನೀರು ತುಂಬಿಸಿ ಐದು ನಿಮಿಷ ಮುಚ್ಚಿಡಬೇಕು. ಇಲ್ಲದಿದ್ದರೆ ಸಾರಿನ ಅರ್ಧ ಬಿಸಿಯನ್ನು ತಣ್ಣಗಿರೋ ಸ್ಟೀಲೇ ಕುಡಿದುಬಿಡುತ್ತೆ. ಬಟ್ಟಲು ತುಂಬ ಸಾರು ಇದ್ದರೆ ಬಿಸಿ ಜಾಸ್ತಿ ಹೊತ್ತು ನಿಲ್ಲುತ್ತೆ, ಅರ್ಧ ಬಟ್ಟಲು ಬೇಗ ಆರುತ್ತೆ. ನಮ್ಮಮ್ಮ ಇದನ್ನೇ ನೆಪ ಮಾಡಿಕೊಂಡು ಯಾವತ್ತೂ ಅರ್ಧ ಬಟ್ಟಲು ಹಾಕಿದ್ದಿಲ್ಲ.

ಕೊಂಡಿದ್ದು ತುಮಕೂರಿನ ಒಂದು ಪಾತ್ರೆ ಅಂಗಡಿಯಲ್ಲಿ. ಸಾವಿರಕ್ಕೆ ಸ್ವಲ್ಪ ಜಾಸ್ತಿ ಆಯ್ತು. ದುಡ್ಡು ಅಜ್ಜಿ ಕೊಟ್ಟರು. ಪಾತ್ರೆ ಅಂದಮೇಲೆ ಹೆಸರು ಕೊರೆಸಲೇಬೇಕು ಅಂತ ಹಟ ಹಿಡಿದರು.

"ಅಜ್ಜಿ, ಇದು ಕಾಲೇಜಿಗೆ ತಗೊಂಡೋಗೋದು, ಮದುವೆ ಮನೆಗಲ್ಲ" ಅಂದರು ಅಂಗಡಿಯವರು.

"ಮದುವೆ ಮನೇಲಾದ್ರೂ ನೆಂಟ್ರು ಇರ್ತಾರೆ, ಕಾಲೇಜಲ್ಲಿ ಯಾರಿದಾರೆ? ಕೊರೀರಿ."

ದುಡ್ಡು ಯಾರದೋ ಹೆಸರೂ ಅವರದೇ. ಹೀಗೆ ನನ್ನ ಡಬ್ಬಿಯ ಮುಚ್ಚಳದ ಮೇಲೆ, ಇನಿಷಿಯಲ್ ಸಮೇತ, ಅಜ್ಜಿಯ ಹೆಸರು ಕೂತಿತು. ಕ್ಲಾಸಿನವರು ಅದನ್ನು ಓದಿದ್ದು ಮೊದಲ ವಾರದಲ್ಲೇ. ಅವತ್ತಿಂದ ನನ್ನನ್ನು ಕರೆಯೋದು ಅದೇ ಹೆಸರಲ್ಲಿ. ಮೀಸೆ ಬಂದರೂ ಬದಲಾಗಲಿಲ್ಲ. ಆ ಹೆಸರು ಇಲ್ಲಿ ಬರೆಯೋದು ಬೇಡ, ಈಗ ಕರೀತಿರೋರೇ ಸಾಕು.

ಸೋಮವಾರ ಬೆಳಗ್ಗೆ ಡಬ್ಬಿಗೆ ನಿಜವಾದ ಪರೀಕ್ಷೆ. ಭಾನುವಾರ ಊರಿಗೆ ಬಂದವರೆಲ್ಲ ವಾಪಸ್ ಹೊರಡುವ ದಿನ ಅದು. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಗಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ನಮ್ಮ ಹತ್ತಿರ ಪಾಸಿದೆ. ಎಲ್ಲರಿಗೂ ಹತ್ತೋ ಹಕ್ಕಿದೆ, ಕೂರೋಕೆ ಜಾಗ ಮಾತ್ರ ಇಲ್ಲ. ಹಾಗಾಗಿ ನಮ್ಮ ಕಡೆ ಹಳೇ ಪದ್ಧತಿಯೊಂದಿದೆ. ನಿಂತವರ ಚೀಲ ಕೂತವರ ತೊಡೆ ಮೇಲೆ. "ಆಂಟಿ, ಸ್ವಲ್ಪ ಹಿಡ್ಕೊಳ್ಳಿ" ಅಂದರೆ ಸಾಕು, ಯಾರೂ ಬೇಡ ಅನ್ನಲ್ಲ. ಒಬ್ಬೊಬ್ಬರ ಮಡಿಲಲ್ಲಿ ಮೂರು ಮೂರು ಚೀಲ ಇರುತ್ತೆ.

ಡಬ್ಬಿ ಬಿಸಿ ಹೊರಗೆ ಬಿಡಲ್ಲ, ತೊಡೆ ಸುಡಲ್ಲ. ಅದಕ್ಕೆ ಪೂರ್ತಿ ಅಂಕ. ವಾಸನೆ ಮಾತ್ರ ಬಿಡುತ್ತೆ. ಹೇಗೆ ಬಿಡುತ್ತೋ ಗೊತ್ತಿಲ್ಲ, ಮೂರು ರಿಂಗ್ ದಾಟಿ ಬರುತ್ತೆ. ಒಂದು ಸೋಮವಾರ ನನ್ನ ಚೀಲ ಹಿಡಿದಿದ್ದ ಆಂಟಿ ಹೆಗ್ಗೆರೆ ಬರೋ ಹೊತ್ತಿಗೆ "ಹಿದುಕಿದ ಬೇಳೆ ತಾನೆ?" ಅಂದರು. ಹಿಂದಿನ ಸೀಟಿನವರು "ಅಲ್ಲ, ಅವರೆಕಾಳು ಉಸ್ಲಿ" ಅಂದರು. ಆ ಕಡೆಯಿಂದ ಇನ್ನೊಬ್ಬರು "ಸೊಗಡು ಚೆನ್ನಾಗಿದೆ, ಯಾವೂರ ಕಾಯಿ?" ಅಂತ ಕೇಳಿದರು. ನನಗೆ ಉತ್ತರ ಗೊತ್ತಿರಲಿಲ್ಲ. ನಾನಿನ್ನೂ ಮುಚ್ಚಳ ತೆಗೆದು ನೋಡಿರಲಿಲ್ಲ.

ನೀಲಿ ಚೀಲದ ಬಗ್ಗೆ ಹೇಳಲೇಬೇಕು. ಒಂದೇ ಬಣ್ಣ, ಒಂದೇ ಅಳತೆ, ತುಮಕೂರು ಜಿಲ್ಲೆಗೆಲ್ಲ ಹಂಚಿದ್ದಾರೆ ಅನ್ನಿಸುತ್ತೆ. ಒಂದು ದಿನ ಆಂಟಿಯೊಬ್ಬರ ಮಡಿಲಲ್ಲಿ ನನ್ನದೂ ಇತ್ತು, ಅವರದೂ ಇತ್ತು. ತುಮಕೂರಿನ ಗುಬ್ಬಿ ಗೇಟ್ ಸ್ಟಾಪ್ ಬಂದಾಗ ಕೈಗೆ ಬಂದದ್ದನ್ನು ಹಿಡಿದು ಇಳಿದೆ. ಮಧ್ಯಾಹ್ನ ತೆಗೆದರೆ ಮೂರು ಚಪಾತಿ, ಹೀರೇಕಾಯಿ ಪಲ್ಯ, ಒಂದು ಬಟ್ಟಲು ಹೆಚ್ಚಿದ ಪರಂಗಿ ಹಣ್ಣು. ಪಲ್ಯಕ್ಕೆ ಉಪ್ಪೇ ಇಲ್ಲ. ನನ್ನ ಪಕ್ಕದವನು ರುಚಿ ನೋಡಿ, "ಮಗಾ, ಮನೇಲಿ ಏನಾದ್ರೂ ಜಗಳ ಆಯ್ತಾ?" ಅಂದ.

ಮಾರನೇ ದಿನ ಅದೇ ಬಸ್ಸು, ಅದೇ ಆಂಟಿ. ಬಯ್ಯಬಹುದು ಅಂದುಕೊಂಡಿದ್ದೆ. ಅವರು ತೊಳೆದ ಡಬ್ಬಿ ವಾಪಸ್ ಕೊಟ್ಟು, ಮುಚ್ಚಳದ ಮೇಲಿನ ಹೆಸರು ಓದಿ, ನನ್ನ ಮುಖ ನೋಡಿ, ಮತ್ತೆ ಹೆಸರು ಓದಿದರು.

"ಅಜ್ಜಿದು" ಅಂದೆ.

"ಉಪ್ಪಿನಕಾಯೂ ಅಜ್ಜಿದೇನಾ? ಡಾಕ್ಟ್ರು ಬಿಪಿ ಅಂತ ನಂಗೆ ಉಪ್ಪಿನಕಾಯಿ ಬಿಡಿಸಿ ಎಷ್ಟು ಕಾಲ ಆಯ್ತು. ನಿನ್ನೆ ಡಬ್ಬಿ ಅದಲು ಬದಲಾಗಿದ್ದು ನನ್ನ ತಪ್ಪೇನಲ್ಲ ನೋಡು."

ಈಗಲೂ ಅವರು ಚೀಲ ಹಿಡಿಯೋಕೆ ಕೈ ಚಾಚ್ತಾರೆ. ಆದರೆ ನಾನು ಹಿಡಿಗೆ ಕೆಂಪು ದಾರ ಕಟ್ಟಿದ್ದೀನಿ. ಅವರಿಗೆ ಅದು ಇಷ್ಟವಿಲ್ಲ.

ಇನ್ನು ಮುಚ್ಚಳ. ಈ ಡಬ್ಬಿಯ ಸಮಸ್ಯೆಯೆಲ್ಲ ಇಲ್ಲೇ ಇರೋದು. ಕೆಳಗಿನ ಬಟ್ಟಲಿಗೆ ಕುದಿಯೋ ಸಾರು ಹಾಕಿ ಮುಚ್ಚಿದರೆ ಮಧ್ಯಾಹ್ನ ಅದು ತೆಗೆಯೋಕೆ ಬರಲ್ಲ. ತಿರುಗಿಸಿ, ಒತ್ತಿ, ಸ್ಪೂನ್ ತೂರಿಸಿ, ಏನೇ ಮಾಡಿ, ಜಪ್ಪಯ್ಯ ಅನ್ನಲ್ಲ. ಮೊದಲ ಸಲ ಹೀಗಾದಾಗ ಇಡೀ ಬೆಂಚು ಕೈ ಹಾಕಿತು. ಜಿಮ್‌ಗೆ ಹೋಗೋ ಗೆಳೆಯ ತೋಳು ಮಡಿಸಿ ಬಂದ. ಎರಡು ನಿಮಿಷ ಆದಮೇಲೆ "ಕೈ ಜಾರ್ತಿದೆ, ಎಣ್ಣೆ ಇದೆ" ಅಂತ ಹೋದ. ಕೊನೆಗೆ ಫಿಸಿಕ್ಸ್ ಲ್ಯಾಬಿಗೆ ಒಯ್ದೆವು, ವಸ್ತು ಬಿಗಿಯಾಗಿ ಹಿಡಿಯೋ ವೈಸ್‌ಗೆ ಸಿಕ್ಕಿಸೋಣ ಅಂತ. ಮೇಡಂ ಅಲ್ಲೇ ಇದ್ದರು. ಬಯ್ಯಲಿಲ್ಲ. ಬೋರ್ಡ್ ಕಡೆ ತಿರುಗಿದರು. ಅದು ಇನ್ನೂ ಕಷ್ಟ.

ಅವರು ಹೇಳಿದ್ದು ಇಷ್ಟು. ಬಿಸಿ ಸಾರಿನ ಹಬೆ ಬಟ್ಟಲಿನ ಮೇಲ್ಭಾಗ ತುಂಬಿಕೊಂಡಾಗ ನಾವು ಮುಚ್ಚಳ ಹಾಕ್ತೀವಿ. ಸಾರು ಸ್ವಲ್ಪ ಆರಿದರೂ ಆ ಹಬೆ ನೀರಾಗುತ್ತೆ, ಒಳಗಿನ ಒತ್ತಡ ಇಳಿಯುತ್ತೆ. ಹೊರಗಿನ ಗಾಳಿ ಮಾತ್ರ ಮೊದಲಿನಷ್ಟೇ ಜೋರಾಗಿ ಮುಚ್ಚಳವನ್ನು ಒತ್ತುತ್ತಿರುತ್ತೆ. ಮುಚ್ಚಳದ ಅಗಲ 12 ಸೆಂಟಿಮೀಟರ್ ಅಂದರೆ ವಿಸ್ತೀರ್ಣ ಸುಮಾರು 113 ಚದರ ಸೆಂಟಿಮೀಟರ್. ಒಳಗಿನ ಒತ್ತಡ ಹತ್ತರಲ್ಲಿ ಒಂದು ಪಾಲು ಇಳಿದರೂ ಮುಚ್ಚಳದ ಮೇಲೆ 11 ಕೆಜಿಗಿಂತ ಜಾಸ್ತಿ ಭಾರ ಹೇರಿದ ಲೆಕ್ಕ. 1650ರ ದಶಕದಲ್ಲಿ ಜರ್ಮನಿಯಲ್ಲಿ ಒಟ್ಟೋ ಫಾನ್ ಗೆರಿಕೆ ಅನ್ನುವವರು ಎರಡು ಲೋಹದ ಅರ್ಧಗೋಳ ಜೋಡಿಸಿ, ಒಳಗಿನ ಗಾಳಿ ತೆಗೆದು, ಎರಡೂ ಕಡೆ ಕುದುರೆ ಕಟ್ಟಿ ಎಳೆಸಿದ್ದರಂತೆ. ಕುದುರೆಗಳಿಗೇ ಆಗಲಿಲ್ಲ. "ನಿಮ್ಮ ಜಿಮ್ ಹುಡುಗನ್ನ ಬಯ್ಯಬೇಡಿ" ಅಂದರು ಮೇಡಂ. ಪಾಠ ಮುಗಿಯೋ ಹೊತ್ತಿಗೆ ಊಟದ ಬಿಡುವೂ ಮುಗಿದಿತ್ತು.

ಮುಚ್ಚಳದ ನಡುವೆ ಗಾಳಿ ಬಿಡೋಕೆ ಅಂತಲೇ ಕಂಪನಿಯವರು ಒಂದು ಪುಟ್ಟ ರಬ್ಬರ್ ಗುಂಡಿ ಕೊಟ್ಟಿರ್ತಾರೆ. ಅದನ್ನು ಎತ್ತಿದರೆ 'ಚುಸ್' ಅಂತ ಗಾಳಿ ಒಳಗೆ ಹೋಗಿ ಮುಚ್ಚಳ ಸಲೀಸಾಗಿ ಬರುತ್ತೆ. ನಮ್ಮದರಲ್ಲಿ ಆ ಗುಂಡಿ ಗಟ್ಟಿಯಾಗಿ ಕೂತು ಏಳ್ತಾನೇ ಇರಲಿಲ್ಲ. ಆಮೇಲೆ ಒಂದು ದಿನ ತೊಳೆಯುವಾಗ ಅದರ ತಲೆ ಮಾತ್ರ ಕಿತ್ತು ಬಚ್ಚಲಿನ ಮೋರಿಗೆ ಹೋಯ್ತು, ಬುಡ ತೂತಲ್ಲೇ ಉಳೀತು. ಸಹಾಯವಾಣಿಗೆ ಫೋನ್ ಮಾಡಿದೆ. ಗುಂಡಿ ಬಿಡಿಯಾಗಿ ಸಿಗಲ್ಲ, ಪೂರ್ತಿ ಮುಚ್ಚಳದ ಸೆಟ್ ತಗೋಬೇಕು ಅಂದರು. ಮುಚ್ಚಳ ಸಿಕ್ಕಿಕೊಳ್ಳೋದಕ್ಕೆ ಏನು ಮಾಡೋದು ಅಂದರೆ, "ಊಟ ಆರಿದ ಮೇಲೆ ಮುಚ್ಚಿ ಸರ್" ಅಂತ ಸಲಹೆ ಕೊಟ್ಟರು. ಬಿಸಿ ಡಬ್ಬಿ ಮಾರೋ ಕಂಪನಿಯವರು ಹೇಳೋ ಮಾತಾ ಇದು?

ಕೆಲಸಕ್ಕೆ ಬಂದ ಉಪಾಯ ಕ್ಯಾಂಟೀನಿನ ಟೀ ಅಣ್ಣನದು. ಒಂದು ಲೋಟ ಬಿಸಿ ನೀರು ಮುಚ್ಚಳದ ಮೇಲೆ ನಿಧಾನಕ್ಕೆ ಹುಯ್ಯಬೇಕು. ಒಳಗಿನ ಗಾಳಿ ಮತ್ತೆ ಬಿಸಿಯಾಗಿ ಹಿಗ್ಗುತ್ತೆ, 'ಟಪ್' ಅಂತ ಬಿಟ್ಟುಕೊಳ್ಳುತ್ತೆ. ನೀರಿಗೆ ದುಡ್ಡು ತಗೊಳಲ್ಲ. ಬದಲಿಗೆ ಒಂದು ಸೌಟು ಸಾರು.

ಮುದ್ದೆ ತಗೊಂಡು ಹೋಗೋರಿಗೆ ಒಂದು ಮಾತು. ಬಿಸಿ ಮುದ್ದೆ ಹಾಗೇ ಹಾಕಿದರೆ ಬೆವರಿ ಮೇಲೆಲ್ಲ ಅಂಟಂಟಾಗುತ್ತೆ. ಒದ್ದೆ ಮಾಡಿ ಹಿಂಡಿದ ಬಿಳಿ ಬಟ್ಟೆ ಸುತ್ತಿ ಇಟ್ಟರೆ ಚೆನ್ನಾಗಿರುತ್ತೆ. ಆದರೂ ಗುಂಡಗೆ ಹೋದದ್ದು ಬಟ್ಟಲಿನ ಆಕಾರಕ್ಕೆ ಇಳಿದಿರುತ್ತೆ. ಮೆಕ್ಯಾನಿಕಲ್ ಓದೋ ಗೆಳೆಯನೊಬ್ಬ ಅದನ್ನು ಪಿಸ್ಟನ್ ಅಂತ ಕರೀತಾನೆ. ನಮ್ಮ ಜೊತೆ ಹುಬ್ಬಳ್ಳಿ ಕಡೆಯ ಹುಡುಗನೊಬ್ಬ ಇದ್ದಾನೆ, ಪಿಜಿ ಊಟ ಬೇಜಾರಾದಾಗೆಲ್ಲ ನಮ್ಮ ಬೆಂಚಿಗೆ ಬರ್ತಾನೆ. ಮೊದಲ ದಿನ ಮುದ್ದೆ ತುತ್ತು ಬಾಯಿಗಿಟ್ಟು ಅಗಿದ, ಅಗಿದ, ಅಗೀತಾನೇ ಇದ್ದ.

"ಲೋ, ಅಗೀಬೇಡ. ಸಾರಲ್ಲಿ ಅದ್ದಿ ನುಂಗು."

"ನುಂಗಾಕ ಇದೇನು ಗುಳಿಗಿ ಏನಲೇ?"

ಈಗ ಅವನೇ ನುಂಗೋದರಲ್ಲಿ ಮುಂದು. ನನಗೆ ಉಳಿಯೋದು ಬಟ್ಟಲು ಮಾತ್ರ.

ಮೊಸರನ್ನದ ವಿಷಯದಲ್ಲಿ ಈ ಡಬ್ಬಿ ಒಂದು ದಿನ ಇದ್ದ ಹಾಗೆ ಇನ್ನೊಂದು ದಿನ ಇರಲ್ಲ. ಕೆಳಗೆ ಬಿಸಿ ಸಾರು, ಮೇಲೆ ಮೊಸರನ್ನ ಇಟ್ಟರೆ ಮಧ್ಯಾಹ್ನಕ್ಕೆ ಹುಳಿ ಹುಳಿ. ಸೌತೆಕಾಯಿ ಕೋಸಂಬರಿ ಇಟ್ಟರೆ ಅದು ಪಲ್ಯ ಆಗಿರುತ್ತೆ. ಆದರೆ ಚಿತ್ರಾನ್ನದ ದಿನ ಅಮ್ಮ ಮಾಡೋ ಕೆಲಸ ನೋಡಿ. ಅನ್ನಕ್ಕೆ ಉಗುರು ಬೆಚ್ಚಗಿನ ಹಾಲು ಕಲಸಿ, ಅರ್ಧ ಚಮಚ ಮೊಸರು ಹೆಪ್ಪು ಹಾಕಿ ಮುಚ್ತಾರೆ. ಬಸ್ಸು, ಮೂರು ಪೀರಿಯಡ್, ಒಂದು ಪ್ರಾಕ್ಟಿಕಲ್ ಮುಗಿಯೋದರೊಳಗೆ ಒಳಗೆ ಹೆಪ್ಪುಗಟ್ಟಿ ಸಿಹಿ ಮೊಸರನ್ನ ತಯಾರು. ಡಿಸೆಂಬರ್ ಚಳಿಯಲ್ಲೂ ಆಗುತ್ತೆ. ಮನೆಯಲ್ಲಿ ಇಟ್ಟ ಪಾತ್ರೆಯಲ್ಲಿ ಆಗಲ್ಲ. ಹಾಲು ಬೆರಳಿಗೆ ಸುಡುವಷ್ಟು ಇರಬಾರದು, ಹೆಪ್ಪು ಸತ್ತು ಬರೀ ಹಾಲನ್ನ ಉಳಿಯುತ್ತೆ. ಈ ಜೋಡಿ ಗೋಡೆಯ ಪಾತ್ರೆ 1892ರಲ್ಲಿ ಜೇಮ್ಸ್ ಡ್ಯೂವರ್ ಮಾಡಿದ್ದು, ಅದೂ ತೀರಾ ತಣ್ಣಗಿನ ದ್ರವಗಳನ್ನು ಇಡೋಕೆ. ಮೊಸರನ್ನಕ್ಕೂ ಆಗುತ್ತೆ ಅಂತ ಅವರಿಗೆ ಯಾರು ಹೇಳಬೇಕು.

ಡಬ್ಬಿ ತಳದಲ್ಲಿ 304 ಅಂತ ಒತ್ತಿದ್ದಾರೆ. ಅಂದರೆ ಶೇ. 18ರಷ್ಟು ಕ್ರೋಮಿಯಂ, ಶೇ. 8ರಷ್ಟು ನಿಕ್ಕಲ್ ಇರುವ ಸ್ಟೀಲ್. ಲ್ಯಾಬಿನ ಅಯಸ್ಕಾಂತ ಇಟ್ಟು ನೋಡಿದೆವು, ಅಂಟಲಿಲ್ಲ. ಅಷ್ಟಕ್ಕೇ ನಂಬಬೇಡಿ, ಅಗ್ಗದ 200 ಸರಣಿಯ ಸ್ಟೀಲಿಗೂ ಅಯಸ್ಕಾಂತ ಅಷ್ಟಾಗಿ ಅಂಟಲ್ಲ. ಇಲ್ಲಿವರೆಗೆ ತುಕ್ಕು ಬಂದಿಲ್ಲ, ಹುಳಿ ಸಾರಿಗೂ ಏನಾಗಿಲ್ಲ.

ಕ್ಲಿಪ್ ಸದ್ದು ಜಾಸ್ತಿ. ಇಂಟರ್ನಲ್ಸ್ ದಿನ ಚೀಲಗಳನ್ನೆಲ್ಲ ಬಾಗಿಲ ಹತ್ತಿರ ಇಡಿಸಿದ್ದರು. ಪಿನ್ ಬಿದ್ದರೂ ಕೇಳೋ ಮೌನ. ಸರಿಯಾಗಿ ಕೂರದಿದ್ದ ಕ್ಲಿಪ್ 'ಟಕ್' ಅಂತ ಹಾರಿತು. ನಲವತ್ತು ತಲೆ ಎತ್ತಿದವು. ಸರ್ ಚೀಲದ ಹತ್ತಿರ ಹೋಗಿ, ಬಗ್ಗಿ, ಒಂದು ಕ್ಷಣ ನಿಂತು, "ಬಸ್ಸಾರು" ಅಂತ ಹೇಳಿ ವಾಪಸ್ ಬಂದರು.

ಭಾನುವಾರ ರಿಂಗ್ ತೊಳೆಯೋ ದಿನ. ಬಟ್ಟಲು ಬೇಗ ಹೊಳೆಯುತ್ತೆ, ರಬ್ಬರ್ ಮಾತ್ರ ವಾರದ ಊಟವನ್ನೆಲ್ಲ ನೆನಪಿಟ್ಟುಕೊಂಡಿರುತ್ತೆ. ಬಿಸಿ ನೀರಿಗೆ ಅಡುಗೆ ಸೋಡಾ ಹಾಕಿ ನೆನೆಸಿ, ಬಿಸಿಲಿಗೆ ಹಾಕಬೇಕು. ತೊಳೆಯದೆ ಬಿಟ್ಟರೆ ಹಬ್ಬದ ಪಾಯಸವೂ ಹುರುಳಿ ವಾಸನೆ ಹೊಡೆಯುತ್ತೆ. ರಿಂಗ್ ಸಡಿಲ ಆದರೆ ಕಂಪನಿಗೆ ಕಾಯಬೇಡಿ. ಕುಕ್ಕರ್ ಗ್ಯಾಸ್ಕೆಟ್ ಮಾರೋ ಅಂಗಡಿಗೆ ಮುಚ್ಚಳ ತಗೊಂಡು ಹೋಗಿ, ಅಳತೆಗೆ ಸರಿಯಾದ್ದು ಹುಡುಕಿ ಕೊಡ್ತಾರೆ.

ನನ್ನ ತಂಗಿಗೂ ಈ ವರ್ಷ ಇದೇ ಡಬ್ಬಿ ಬಂತು. ಪಿಯುಸಿ ಓದ್ತಾಳೆ. ಒಂದು ಶನಿವಾರ ಗೆಳತಿಯರ ಜೊತೆ ಕ್ಯಾತ್ಸಂದ್ರಕ್ಕೆ ಹೋಗಿ ಬೆಣ್ಣೆ ಹಾಕಿದ ತಟ್ಟೆ ಇಡ್ಲಿ ಹೊಡೆದು ಬಂದಳು. ಡಬ್ಬಿ ಹಾಗೇ ವಾಪಸ್. "ಮುಚ್ಚಳ ತೆಗೆಯೋಕೇ ಆಗ್ಲಿಲ್ಲ ಅಜ್ಜಿ, ಒಳಗೆ ವ್ಯಾಕ್ಯೂಮ್ ಆಗ್ಬಿಡುತ್ತೆ" ಅಂದಳು. ಅಜ್ಜಿ ಡಬ್ಬಿ ಕೈಗೆ ತಗೊಂಡು, ಸೆರಗಿನ ತುದಿ ಮುಚ್ಚಳಕ್ಕೆ ಸುತ್ತಿ, ಒಂದೇ ಸಲ ತಿರುಗಿಸಿ ತೆಗೆದರು. ಜಿಮ್ ಗೆಳೆಯನಿಗೆ ಇದನ್ನು ನಾನು ಹೇಳಿಲ್ಲ.

ಸಾರು, ಮುದ್ದೆ, ಹುಳಿ ತಗೊಂಡು ಹೋಗೋರಿಗೆ ನಾಲ್ಕು ಸ್ಟಾರ್. ಬರೀ ಚಿತ್ರಾನ್ನ, ಚಪಾತಿ ಅನ್ನೋರಿಗೆ ಇದರ ಭಾರ ಸುಮ್ನೆ ದಂಡ, ಚಪ್ಪಟೆ ಸ್ಟೀಲ್ ಬಾಕ್ಸೇ ಸಾಕು. ಕೊಳ್ಳೋ ಮುಂಚೆ ಅಂಗಡಿಯಲ್ಲೇ ಬಟ್ಟಲಿಗೆ ಬಿಸಿ ನೀರು ಹಾಕಿಸಿ, ಮುಚ್ಚಿ, ಹತ್ತು ನಿಮಿಷ ಬಿಟ್ಟು ತೆಗೆದು ನೋಡಿ. ತಂಗಿಯ ಡಬ್ಬಿ ತಗೊಳ್ಳುವಾಗ ನಾನು ಹೀಗೇ ಕೇಳಿದೆ. ಅಂಗಡಿಯವರು ಫ್ಲಾಸ್ಕಿನಿಂದ ನೀರು ಹುಯ್ದು ಮುಚ್ಚಿ, ಗಡಿಯಾರ ನೋಡಿ, "ನೋಡಪ್ಪಾ, ಇದು ತೆಗೆಯೋಕೆ ಬರ್ಲಿಲ್ಲ ಅಂದ್ರೆ ನೀನೇ ತಗೊಂಡೋಗ್ಬೇಕು, ನಾನ್ ಇನ್ಯಾರಿಗೆ ಮಾರ್ಲಿ?" ಅಂದರು.