ಸಂಶೋಧನೆ ಅಂತ ಹೇಳಿ ಬೂತ್ ಪಟ್ಟಿ ಮಾಡಿಸುತ್ತಾರೆ, ಹುಷಾರು

ಹುಬ್ಬಳ್ಳಿ-ಧಾರವಾಡದಲ್ಲಿ ರಾಜ್ಯಶಾಸ್ತ್ರ, ಅರ್ಥಶಾಸ್ತ್ರ, ಪತ್ರಿಕೋದ್ಯಮ, ಎಂಎಸ್‌ಡಬ್ಲ್ಯೂ ಓದುತ್ತಿರುವವರಿಗೆ ಈ ಬರಹ. ಚುನಾವಣೆ ಹತ್ತಿರ ಬಂದಾಗ ಕಾಲೇಜು ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಥರದ ಪೋಸ್ಟರ್ ಓಡಾಡುತ್ತದೆ. ‘ಪಾಲಿಸಿ ರಿಸರ್ಚ್ ಇಂಟರ್ನ್‌ಗಳು ಬೇಕಾಗಿದ್ದಾರೆ, ಸ್ಟೈಪೆಂಡ್ ಮತ್ತು ಸರ್ಟಿಫಿಕೇಟ್ ಇದೆ.’ ಅರ್ಜಿ ಹಾಕುವ ಮುಂಚೆ ಇದನ್ನು ಓದಿ. 2023ರ ವಿಧಾನಸಭೆ ಚುನಾವಣೆಗೆ ಮುಂಚೆ ಅಂಥದ್ದೊಂದು ಸಂಸ್ಥೆಯಲ್ಲಿ ನಾನು ಕೆಲಸ ಮಾಡಿದ್ದೇನೆ. ಅದರ ಹೆಸರು ಇಲ್ಲಿ ಬರೆಯುವುದಿಲ್ಲ. ಇಂಥವು ಬೋರ್ಡ್ ಬದಲಾಯಿಸಿಕೊಂಡು ಮತ್ತೆ ಬರುತ್ತವೆ. ಕೆಲಸ ನಡೆಯುವ ರೀತಿ ಗೊತ್ತಿದ್ದರೆ ಯಾವ ಬೋರ್ಡ್ ಇದ್ದರೂ ಗುರುತು ಹಿಡಿಯಬಹುದು.

ಸಂದರ್ಶನದಲ್ಲಿ ಎಲ್ಲವೂ ಚೆನ್ನಾಗಿಯೇ ಇತ್ತು. ಹುಬ್ಬಳ್ಳಿಯಲ್ಲಿ ಆಫೀಸು, ಕಪಾಟಿನ ತುಂಬ ಪುಸ್ತಕ, ಗೋಡೆ ಮೇಲೆ ಜಿಲ್ಲೆಯ ನಕ್ಷೆ. “ನಾವು ಯಾವ ಪಕ್ಷದವರೂ ಅಲ್ಲ, ನಮ್ಮದು ಥಿಂಕ್ ಟ್ಯಾಂಕ್, ನೀತಿ ಅಧ್ಯಯನ ಮಾಡೋ ಸಂಸ್ಥೆ” ಅಂದರು. ವಿಷಯ ಕೇಳಿದ ಮೇಲಂತೂ ನಮಗೆ ಬೇರೆ ಯೋಚನೆಯೇ ಬರಲಿಲ್ಲ. ನವಲಗುಂದ ಭಾಗದ ಹಳ್ಳಿಗಳಲ್ಲಿ ಕುಡಿಯುವ ನೀರು ಮತ್ತು ಮಹದಾಯಿ ನದಿ ನೀರಿನ ವಿವಾದ. ಈ ಕಡೆಯವರಿಗೆ ಇದು ಎಂಥ ವಿಷಯ ಅಂತ ಹೇಳಬೇಕಾಗಿಲ್ಲ. ಮಹದಾಯಿ ನ್ಯಾಯಮಂಡಳಿ 2018ರ ಆಗಸ್ಟ್‌ನಲ್ಲಿ ರಾಜ್ಯಕ್ಕೆ 13.42 ಟಿಎಂಸಿ ಕೊಟ್ಟಿತು. ಅದರಲ್ಲಿ ಮಹದಾಯಿ ನೀರನ್ನು ಮಲಪ್ರಭೆಗೆ ತಿರುಗಿಸುವ ಕಳಸಾ-ಬಂಡೂರಿ ಯೋಜನೆಗೆ ಸಿಕ್ಕಿದ್ದು 3.9 ಟಿಎಂಸಿ. 2022ರ ಡಿಸೆಂಬರ್ ಕೊನೆಗೆ ಕೇಂದ್ರ ಜಲ ಆಯೋಗ ಆ ಯೋಜನೆಯ ಪರಿಷ್ಕೃತ ವರದಿಗೆ ಒಪ್ಪಿಗೆ ಕೊಟ್ಟ ಸುದ್ದಿ ಬಂದಿತ್ತು. ಆಗ ಯಾವ ಹಳ್ಳಿಯ ಕಟ್ಟೆಗೆ ಹೋದರೂ ಅದೇ ಮಾತು. ಅದರ ಮೇಲೆ ವರದಿ ಬರೆಯಬಹುದು, ವರದಿಯಲ್ಲಿ ನಮ್ಮ ಹೆಸರೂ ಇರುತ್ತದೆ ಅಂದರೆ ಯಾವ ವಿದ್ಯಾರ್ಥಿ ಬೇಡ ಅಂತಾನೆ?

ಪ್ರಶ್ನಾವಳಿಯ ಮೊದಲ ಪುಟ ನೀರಿನದ್ದೇ. ನಲ್ಲಿ ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಕೆರೆ ನೀರು ಕುಡಿಯುತ್ತೀರಾ, ಮಲಪ್ರಭಾ ಕಾಲುವೆಯ ಕೊನೆ ಭಾಗಕ್ಕೆ ನೀರು ಮುಟ್ಟುತ್ತದಾ. ಎರಡನೇ ಪುಟದಿಂದ ದಾರಿ ಬದಲಾಗುತ್ತಿತ್ತು. ಮನೆಯವರ ಹೆಸರು, ಎಲ್ಲರ ಮೊಬೈಲ್ ನಂಬರ್, ಜಾತಿ, ಒಳಪಂಗಡ. ಕಳೆದ ಸಲ ಯಾರಿಗೆ ಓಟು ಹಾಕಿದಿರಿ, ಈ ಸಲ ಯಾರಿಗೆ. ಮನೆಯಲ್ಲಿ ಯಾರ ಮಾತು ನಡೆಯುತ್ತದೆ, ಓಣಿಯಲ್ಲಿ ಯಾರ ಮಾತು ನಡೆಯುತ್ತದೆ. ಸ್ತ್ರೀಶಕ್ತಿ ಸಂಘದಲ್ಲಿ ಯಾರಿದ್ದಾರೆ. ಕೊನೆಗೆ ವೋಟರ್ ಕಾರ್ಡಿನ ಫೋಟೋ. ಇದೆಲ್ಲ ಯಾಕೆ ಅಂತ ಕೇಳಿದಾಗ “ಸಾಮಾಜಿಕ ಹಿನ್ನೆಲೆ ಬೇಕಲ್ವಾ, ಇಲ್ಲಾಂದ್ರೆ ವರದಿಗೆ ತೂಕ ಇರಲ್ಲ” ಅಂದರು. 2022ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಮತದಾರರ ಜಾಗೃತಿ ಅಂತ ಹೇಳಿ ಮನೆಮನೆ ಮಾಹಿತಿ ಸಂಗ್ರಹಿಸಿದ ಆರೋಪದ ಮೇಲೆ ಒಂದು ಸಂಸ್ಥೆಯವರ ಬಂಧನವಾಗಿತ್ತು. ಆ ಸುದ್ದಿ ತೋರಿಸಿದರೆ “ಅದು ಬೇರೆ, ನಮ್ಮದು ರಿಸರ್ಚ್” ಎಂಬ ಉತ್ತರ ಬಂತು.

ಇನ್ನೊಂದು ಸೂಚನೆ ಇತ್ತು. ಕಾಲೇಜಿನ ಐಡಿ ಕಾರ್ಡನ್ನು ಕೊರಳಿಗೆ ಹಾಕಿಕೊಂಡೇ ಹೋಗಬೇಕು, ಸಂಸ್ಥೆಯ ಹೆಸರು ಎತ್ತಬಾರದು. ಇದನ್ನು ನೆನಪಿಡಿ. ಯಾರಾದರೂ ನಿಮ್ಮ ಕಾಲೇಜಿನ ಗುರುತು ಮುಂದೆ ಮಾಡಿ ತಮ್ಮ ಗುರುತು ಬಚ್ಚಿಟ್ಟರೆ ಆ ಕ್ಷಣವೇ ಅಲ್ಲಿಂದ ಹೊರಡಿ. ಹಳ್ಳಿಯವರು ಬಾಗಿಲು ತೆಗೆಯುವುದು ಆ ಕಾರ್ಡ್ ನೋಡಿ. “ಓದೋ ಹುಡುಗಿ, ಬಿಸಲಾಗ ಬಂದಾಳ” ಅಂತ ಒಳಗೆ ಕರೆದು ಮಜ್ಜಿಗೆ ಕೊಡುತ್ತಾರೆ. ಒಬ್ಬ ಅಜ್ಜ ನೀರಿನ ಪ್ರಶ್ನೆ ಬಿಟ್ಟು 1980ರ ಜುಲೈ 21ರ ಮಾತು ತೆಗೆದರು. ನೀರಿನ ಕರದ ವಿರುದ್ಧ ನವಲಗುಂದ, ನರಗುಂದದ ರೈತರು ಎದ್ದಿದ್ದು, ಗೋಲಿಬಾರ್ ಆಗಿದ್ದು, ಎಲ್ಲ ಹೇಳಿದರು. “ಇದನ್ನೂ ಬರ್ಕೊ ತಂಗಿ, ಮ್ಯಾಲಿನವರಿಗೆ ಗೊತ್ತಾಗ್ಲಿ” ಅಂದರು. ಅದನ್ನು ಬರೆದುಕೊಳ್ಳಲು ಫಾರ್ಮಿನಲ್ಲಿ ಜಾಗವೇ ಇರಲಿಲ್ಲ. ಅವರ ಒಳಪಂಗಡ ಬರೆಯುವುದಕ್ಕೆ ಮಾತ್ರ ಜಾಗ ಇತ್ತು.

ಈ ಮಾಹಿತಿಗೆ ಯಾಕೆ ಇಷ್ಟು ಬೆಲೆ ಅಂತ ನನಗೆ ಅರ್ಥವಾಗಿದ್ದು ಆಮೇಲೆ. ಮತದಾರರ ಪಟ್ಟಿ ಯಾರಿಗಾದರೂ ಸಿಗುತ್ತದೆ. ಮುಖ್ಯ ಚುನಾವಣಾಧಿಕಾರಿಯ ವೆಬ್‌ಸೈಟಿನಲ್ಲಿ ಭಾಗವಾರು ಇರುತ್ತದೆ. ಹೆಸರು, ವಯಸ್ಸು, ಮನೆ ನಂಬರ್, ತಂದೆ ಅಥವಾ ಗಂಡನ ಹೆಸರು. ಯಾವ ಬೂತಿನಲ್ಲಿ ಯಾರಿಗೆ ಎಷ್ಟು ಓಟು ಬಿತ್ತು ಎಂಬುದೂ ಫಾರ್ಮ್ 20ರಲ್ಲಿ ಸಿಗುತ್ತದೆ. ಪಟ್ಟಿಯಲ್ಲಿ ಇಲ್ಲದ್ದು ಎರಡೇ, ಫೋನ್ ನಂಬರ್ ಮತ್ತು ಜಾತಿ. ಅವೆರಡನ್ನು ಸೇರಿಸಿದರೆ ಯಾವ ಮನೆಗೆ ಯಾರು ಫೋನ್ ಮಾಡಬೇಕು, ಏನು ಹೇಳಬೇಕು, ಯಾರನ್ನು ಹಿಡಿದರೆ ಓಣಿ ಬರುತ್ತದೆ ಅಂತ ಕೂತಲ್ಲೇ ತಿಳಿಯುತ್ತದೆ. ನಾವು ಸಂಜೆ ಟ್ಯಾಬಿನಿಂದ ಅಪ್‌ಲೋಡ್ ಮಾಡುತ್ತಿದ್ದ ಎಕ್ಸೆಲ್ ಶೀಟಿನಲ್ಲಿ ನೀರಿನ ಉತ್ತರಗಳ ಕಾಲಂಗಳನ್ನೇ ತೆಗೆದು ಹಾಕಿದ್ದರು. ಉಳಿದಿದ್ದನ್ನು ಬೂತ್‌ವಾರು ಜೋಡಿಸಿದ್ದರು.

ನಿಜವಾದ ಸಂಶೋಧನೆಗೂ ಇದಕ್ಕೂ ಇರುವ ವ್ಯತ್ಯಾಸ ಗುರುತಿಸುವುದು ಕಷ್ಟವಲ್ಲ. ಸಂಶೋಧಕರು ಮತದಾರರ ಪಟ್ಟಿಯಿಂದ ಒಂದಷ್ಟು ಹೆಸರನ್ನು ಯಾದೃಚ್ಛಿಕವಾಗಿ, ಅಂದರೆ ಚೀಟಿ ಎತ್ತಿದ ಹಾಗೆ, ಆರಿಸುತ್ತಾರೆ. ಆ ವ್ಯಕ್ತಿಯನ್ನೇ ಮಾತಾಡಿಸುತ್ತಾರೆ. ದೆಹಲಿಯ ಸಿಎಸ್‌ಡಿಎಸ್ ಎಂಬ ಸಂಶೋಧನಾ ಸಂಸ್ಥೆಯ ಲೋಕನೀತಿ ಸಮೀಕ್ಷೆಗಳು ನಡೆಯುವುದು ಹಾಗೇ. ಅವರಿಗೆ ಊರಿನ ಎಲ್ಲ ಮನೆ ಬೇಕಾಗಿಲ್ಲ. ಕೆಲವರು ಫೋನ್ ನಂಬರ್ ತಗೊಳ್ಳಬಹುದು, ಆದರೆ ಅದು ಸಮೀಕ್ಷೆಗೆ ಕಳಿಸಿದ ಹುಡುಗರು ನಿಜವಾಗಿ ಹೋಗಿದ್ದಾರಾ ಅಂತ ಪರೀಕ್ಷಿಸುವುದಕ್ಕೆ. ಅದನ್ನು ಉತ್ತರಗಳ ಜೊತೆ ಇಡುವುದಿಲ್ಲ, ಬೇರೆಯವರಿಗೆ ಕೊಡುವುದಿಲ್ಲ. ಪ್ರತಿ ಮನೆ, ಪ್ರತಿ ನಂಬರ್, ಪ್ರತಿ ಹೆಸರು ಬೇಕು ಅಂದರೆ ಅದು ಪ್ರಚಾರಕ್ಕೇ ಬೇಕಾಗಿರುವುದು.

ಪಕ್ಷಕ್ಕಾಗಿ ಕೆಲಸ ಮಾಡುವುದು ತಪ್ಪು ಅಂತ ನಾನು ಹೇಳುತ್ತಿಲ್ಲ. ಪಕ್ಷದ ಹೆಸರು ಹೇಳಿ ಮನೆಗೆ ಹೋದರೆ, ಮಾತಾಡಬೇಕೋ ಬೇಡವೋ ಅಂತ ಮನೆಯವರು ತೀರ್ಮಾನ ಮಾಡುತ್ತಾರೆ. ಇಲ್ಲಿ ಅವರಿಗೆ ಆ ಅವಕಾಶವನ್ನೇ ಕೊಡಲಿಲ್ಲ.

ಪ್ರಚಾರ ಶುರುವಾದ ಮೇಲೆ ಒಂದು ಹಳ್ಳಿಯ ಹುಡುಗ ನನಗೆ ಫೋನ್ ಮಾಡಿದ. ಕೆ-ಸೆಟ್ (ಉಪನ್ಯಾಸಕರ ಅರ್ಹತಾ ಪರೀಕ್ಷೆ) ಬಗ್ಗೆ ಕೇಳಲು ನನ್ನ ನಂಬರ್ ತಗೊಂಡಿದ್ದ. “ಅಕ್ಕಾ, ನೀವು ಬರ್ಕೊಂಡು ಹೋದ ಮ್ಯಾಲೆ ನಮ್ಮ ಅವ್ವಗ ದಿನಾ ಫೋನ್ ಬರಾಕತ್ತಾವ. ಹೆಸರು ಹಿಡಿದ ಕರೀತಾರ. ಸಂಘದ ಸಾಲದ ಬಗ್ಗೆ ಮಾತಾಡ್ತಾರ. ಅವ್ವ ಹೆದರ್ಯಾಳ” ಅಂದ. ಆ ಸಾಲದ ವಿಷಯವನ್ನು ಆಕೆ ಹೇಳಿದ್ದು ನಮ್ಮ ಫಾರ್ಮಿಗೆ ಮಾತ್ರ. ಆಫೀಸಿಗೆ ಹೋಗಿ ಕೇಳಿದೆವು. “ಡೇಟಾ ಕ್ಲೈಂಟಿನದ್ದು, ನಿಮಗ್ಯಾಕೆ” ಅಂದರು. ಕ್ಲೈಂಟ್ ಇದ್ದಾರೆ ಅಂತ ನಮಗೆ ಮೊದಲ ಬಾರಿ ತಿಳಿದಿದ್ದು ಅವತ್ತು.

ಅದೇ ವಾರ ನಮ್ಮ ಕೈಗೆ ಒಂದು ಕರಪತ್ರದ ಕರಡು ಕೊಟ್ಟು ಕನ್ನಡ ತಿದ್ದಿ ಅಂದರು. ಎದುರಾಳಿ ಅಭ್ಯರ್ಥಿಯ ಮೇಲೆ ಆರೋಪಗಳ ಪಟ್ಟಿ. ಕೆಳಗೆ ಮುದ್ರಕರ ಹೆಸರಿಲ್ಲ, ಪ್ರಕಾಶಕರ ಹೆಸರಿಲ್ಲ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಕಲಂ ಪ್ರಕಾರ ಚುನಾವಣಾ ಕರಪತ್ರದ ಮೇಲೆ ಇಬ್ಬರ ಹೆಸರು, ವಿಳಾಸ ಇರಲೇಬೇಕು. ತಪ್ಪಿದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ 2,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಇಂಥದ್ದು ನಿಮ್ಮ ಲ್ಯಾಪ್‌ಟಾಪಿನಲ್ಲಿ ತಯಾರಾದರೆ ನಾಳೆ ಪೊಲೀಸರು ಮೊದಲು ಕೇಳುವುದು ನಿಮ್ಮನ್ನೇ. ನಾವು ತಿದ್ದಲಿಲ್ಲ. ಮರುದಿನ ನಮ್ಮನ್ನು ಗ್ರೂಪಿನಿಂದ ತೆಗೆದರು. ಸ್ಟೈಪೆಂಡ್ ಬರಲಿಲ್ಲ, ಸರ್ಟಿಫಿಕೇಟೂ ಇಲ್ಲ. ಮಹದಾಯಿ ವರದಿ ಹೊರಬರಲೇ ಇಲ್ಲ.

ಆಗ ಮಾಹಿತಿ ರಕ್ಷಣೆಗೆ ಪ್ರತ್ಯೇಕ ಕಾಯ್ದೆ ಇರಲಿಲ್ಲ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಸಂಸತ್ತಿನಲ್ಲಿ ಪಾಸಾಗಿದ್ದು 2023ರ ಆಗಸ್ಟ್‌ನಲ್ಲಿ. ಮಾಹಿತಿ ಯಾವ ಕೆಲಸಕ್ಕೆ ಅಂತ ಮೊದಲೇ ಹೇಳಿ ಒಪ್ಪಿಗೆ ಪಡೆಯಬೇಕು ಎಂಬುದು ಅದರ ಮುಖ್ಯ ಮಾತು. 2024ರ ಲೋಕಸಭೆ ಚುನಾವಣೆ ಹೊತ್ತಿನಲ್ಲಿ ಚುನಾವಣಾ ಆಯೋಗವೂ ಒಂದು ಸೂಚನೆ ಕೊಟ್ಟಿತು. ಧಾರವಾಡದಲ್ಲಿ ಮತದಾನ ಇದ್ದಿದ್ದು ಮೇ 7ಕ್ಕೆ, ಸೂಚನೆ ಬಂದಿದ್ದು ಮೇ 2ಕ್ಕೆ. ಗೆದ್ದ ಮೇಲೆ ಕೊಡುವ ಯೋಜನೆಗಳಿಗೆ ಸಮೀಕ್ಷೆ ಹೆಸರಿನಲ್ಲಿ ಮತದಾರರನ್ನು ನೋಂದಾಯಿಸಿಕೊಳ್ಳುವುದನ್ನು ನಿಲ್ಲಿಸಿ ಅಂತ ಪಕ್ಷಗಳಿಗೆ ಹೇಳಿತ್ತು. ಸಮೀಕ್ಷೆಯ ಮುಸುಕು ಎಷ್ಟು ಬಳಕೆಯಲ್ಲಿದೆ ಅಂತ ಇದರಿಂದಲೇ ತಿಳಿಯುತ್ತದೆ.

ಒಳ್ಳೆಯ ಜಾಗಗಳೂ ಇವೆ. ಸಂಶೋಧನಾ ಸಂಸ್ಥೆಗಳಲ್ಲಿ ಧಾರವಾಡದಲ್ಲೇ ಸಿಎಂಡಿಆರ್ ಇದೆ, ಬೆಂಗಳೂರಿನಲ್ಲಿ ಐಸೆಕ್ ಇದೆ. ಸಂಸದರ ಜೊತೆ ಸಂಶೋಧನಾ ಕೆಲಸ ಮಾಡಬೇಕು ಅಂದರೆ ಸಂಸತ್ತಿನ ಕೆಲಸದ ಅಧ್ಯಯನ ಮಾಡುವ ಪಿಆರ್‌ಎಸ್ ಸಂಸ್ಥೆಯವರ ಲ್ಯಾಂಪ್ ಫೆಲೋಶಿಪ್ ಇದೆ. ಅಲ್ಲಿ ಯಾರ ಹತ್ತಿರ ಕೆಲಸ ಮಾಡುತ್ತೀರಿ ಎಂಬುದು ಎಲ್ಲರಿಗೂ ಗೊತ್ತಿರುತ್ತದೆ. ಬೇರೆ ಯಾವ ಸಂಸ್ಥೆಯೇ ಆಗಲಿ, ನೋಂದಣಿ ನಂಬರ್ ಕೇಳಿ. ಸೆಕ್ಷನ್ 8 ಕಂಪನಿ (ಲಾಭದ ಉದ್ದೇಶವಿಲ್ಲದ ಕಂಪನಿ) ಅಂತ ಹೇಳಿದರೆ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ವೆಬ್‌ಸೈಟಿನಲ್ಲಿ ಹುಡುಕಿ. ಹಳೆಯ ವರದಿಗಳನ್ನು ತೋರಿಸಿ ಅನ್ನಿ, ಅದರಲ್ಲಿ ದುಡ್ಡು ಕೊಟ್ಟವರ ಹೆಸರಿದೆಯಾ ನೋಡಿ. ಪ್ರಶ್ನಾವಳಿಯನ್ನು ನಿಮ್ಮ ವಿಭಾಗದ ಮೇಷ್ಟ್ರಿಗೆ ತೋರಿಸುತ್ತೇನೆ ಅಂತ ಹೇಳಿ. ಅದಕ್ಕೆ ಒಪ್ಪದವರ ಹತ್ತಿರ ಹೋಗಲೇಬೇಡಿ.

ಈಗಾಗಲೇ ಒಳಗಿದ್ದರೆ, ಬಿಟ್ಟು ಬರುವ ಮುಂಚೆ ಪ್ರಶ್ನಾವಳಿ, ಆಫರ್ ಲೆಟರ್, ಗ್ರೂಪಿನ ಸೂಚನೆಗಳ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಜನರ ಹೆಸರು, ನಂಬರ್ ಇರುವ ಶೀಟ್ ಮಾತ್ರ ಇಟ್ಟುಕೊಳ್ಳಬೇಡಿ. ನೀತಿ ಸಂಹಿತೆ ಜಾರಿಯಲ್ಲಿದ್ದರೆ ಚುನಾವಣಾ ಆಯೋಗದ ಸಿ-ವಿಜಿಲ್ ಆ್ಯಪಿನಲ್ಲಿ ದೂರು ಕೊಡಬಹುದು. ಇಲ್ಲದಿದ್ದರೆ ಜಿಲ್ಲಾಧಿಕಾರಿಗೆ ಬರೆದು ಕೊಡಿ, ಜಿಲ್ಲಾ ಚುನಾವಣಾಧಿಕಾರಿ ಅವರೇ. ಮತ್ತು ನೀವು ಬರೆದುಕೊಂಡು ಬಂದ ಮನೆಗಳವರಿಗೆ ಹೋಗಿ ವಿಷಯ ಹೇಳಿ. ನಾವು ಕೆಲವರು ಹೋಗಿ ಹೇಳಿ ಬಂದೆವು. ಆ ಹುಡುಗನ ಅವ್ವ ನಂಬರ್ ಬದಲಾಯಿಸಿದ್ದರು.